ಹೂವರ್ ಬಿಟ್ಟುಹೋದ ಎಫ್‌ಬಿಐ: ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಗೆ ಒಂದು ಪರಿಚಯ

ಗ್ರೀನ್ ಕಾರ್ಡಿಗೋ ಪೌರತ್ವಕ್ಕೋ ಅರ್ಜಿ ಸಲ್ಲಿಸಿದ ಮೇಲೆ ಬಯೋಮೆಟ್ರಿಕ್ಸ್ ಅಪಾಯಿಂಟ್‌ಮೆಂಟ್‌ನ ಪತ್ರ ಬರುತ್ತದೆ. ಹೇಳಿದ ದಿನ ಹೋಗಿ, ಹತ್ತೂ ಬೆರಳುಗಳ ಅಚ್ಚು ಕೊಟ್ಟು, ಸ್ವಲ್ಪ ಹೊತ್ತಿನಲ್ಲೇ ಹೊರಬರುತ್ತೇವೆ. ಆ ಅಚ್ಚು ವಲಸೆ ಇಲಾಖೆಯಲ್ಲೇ ಉಳಿಯುವುದಿಲ್ಲ. ಅದು ಎಫ್‌ಬಿಐಗೆ ಹೋಗಿ, ಅಲ್ಲಿನ ಅಪರಾಧ ದಾಖಲೆಗಳೊಂದಿಗೆ ತಾಳೆಯಾಗಿ, ಉತ್ತರ ಹೊತ್ತು ಹಿಂದಿರುಗಿದ ಬಳಿಕವೇ ಅರ್ಜಿ ಮುಂದಕ್ಕೆ ಚಲಿಸುತ್ತದೆ. ಪೌರತ್ವದ ಅರ್ಜಿಯಾದರೆ ಬೆರಳಚ್ಚಿನ ಜೊತೆಗೆ ಹೆಸರನ್ನೂ ಎಫ್‌ಬಿಐ ತನ್ನ ಕಡತಗಳಲ್ಲಿ ಹುಡುಕುತ್ತದೆ. ಈ ಎರಡೂ ಪದ್ಧತಿಗಳಿಗೆ ಬುನಾದಿ ಹಾಕಿದವನು ಜೆ. ಎಡ್ಗರ್ ಹೂವರ್. 1924ರ ಮೇ 10ರಂದು ಸಂಸ್ಥೆಯ ಹೊಣೆ ಹೊತ್ತ ಈತ, 1972ರ ಮೇ 2ರಂದು ಸಾಯುವವರೆಗೆ, ಅಂದರೆ ಹತ್ತಿರ ಹತ್ತಿರ 48 ವರ್ಷ, ಎಂಟು ಮಂದಿ ಅಧ್ಯಕ್ಷರ ಕಾಲದಲ್ಲಿ ಆ ಕುರ್ಚಿಯನ್ನು ಬಿಡಲಿಲ್ಲ.

ಇಂದಿನ ಎಫ್‌ಬಿಐಯಲ್ಲಿ ಎರಡು ಪದರಗಳಿವೆ. ಕೆಳಗಿರುವುದು ಹೂವರ್ ಕಟ್ಟಿದ ಯಂತ್ರ, ಮೇಲಿರುವುದು ಇನ್ನೊಬ್ಬ ಹೂವರ್ ಹುಟ್ಟಬಾರದೆಂದು ಆತನ ಸಾವಿನ ನಂತರ ಹಾಕಿದ ಬೇಲಿ. ನಮ್ಮ ಮನೆಬಾಗಿಲಿಗೆ ಬರುವುದು ಯಾವುದು, ನಮಗೆ ರಕ್ಷಣೆಯಾಗಿ ನಿಲ್ಲುವುದು ಯಾವುದು ಎಂಬುದು ಗೊತ್ತಿದ್ದರೆ ವಿನಾಕಾರಣದ ಭಯವೂ ಇರುವುದಿಲ್ಲ, ಅತಿಯಾದ ಭರವಸೆಯೂ ಇರುವುದಿಲ್ಲ.

ಮೊದಲು ವ್ಯವಸ್ಥೆಯ ಮಾತು. ಅಮೆರಿಕದಲ್ಲಿ ನಗರ ಪೊಲೀಸ್, ಕೌಂಟಿಯ ಶೆರಿಫ್, ರಾಜ್ಯ ಪೊಲೀಸ್ ಎಲ್ಲ ಸೇರಿ ಸುಮಾರು 18,000 ಪೊಲೀಸ್ ಸಂಸ್ಥೆಗಳಿವೆ. ನಮ್ಮಲ್ಲಿ ಠಾಣೆಯಿಂದ ಡಿಜಿಪಿಯವರೆಗೆ ಇರುವಂಥ ಒಂದೇ ಸಾಲು ಇಲ್ಲಿಲ್ಲ. ಎಫ್‌ಬಿಐ ಇವರೆಲ್ಲರ ಮೇಲಧಿಕಾರಿಯೂ ಅಲ್ಲ. ಅದು ನ್ಯಾಯ ಇಲಾಖೆಯ ಕೆಳಗಿರುವ ಒಂದು ಸಂಸ್ಥೆ. ಒಕ್ಕೂಟದ ಕಾನೂನನ್ನು ಮುರಿದ ಅಪರಾಧಗಳು, ಭಯೋತ್ಪಾದನೆ, ಬೇಹುಗಾರಿಕೆ ಅದರ ವ್ಯಾಪ್ತಿ. ಅದನ್ನು ನಮ್ಮ ಸಿಬಿಐಗೆ ಹೋಲಿಸುವುದು ವಾಡಿಕೆ, ಆದರೆ ಹೋಲಿಕೆ ಅರ್ಧಕ್ಕೇ ನಿಲ್ಲುತ್ತದೆ. ಸಿಬಿಐ ಒಂದು ರಾಜ್ಯದೊಳಗೆ ತನಿಖೆ ನಡೆಸಲು ಸಾಮಾನ್ಯವಾಗಿ ಆ ರಾಜ್ಯದ ಒಪ್ಪಿಗೆ ಬೇಕು, ಕರ್ನಾಟಕ ಸರ್ಕಾರ ತನ್ನ ಮುಕ್ತ ಒಪ್ಪಿಗೆಯನ್ನು 2024ರ ಸೆಪ್ಟೆಂಬರಿನಲ್ಲಿ ಹಿಂತೆಗೆದುಕೊಂಡದ್ದು ನಿಮಗೆ ನೆನಪಿರಬಹುದು. ಎಫ್‌ಬಿಐ ಟೆಕ್ಸಾಸಿಗೆ ಹೋಗಲು ಟೆಕ್ಸಾಸ್ ಸರ್ಕಾರದ ಅನುಮತಿ ಕೇಳುವುದಿಲ್ಲ. ಹಾಗೆಂದು ನಿಮ್ಮ ಮನೆಗೆ ಕಳ್ಳ ನುಗ್ಗಿದರೆ ಎಫ್‌ಬಿಐಗೆ ಫೋನ್ ಮಾಡಿ ಪ್ರಯೋಜನವಿಲ್ಲ. ಅದು ಊರಿನ ಪೊಲೀಸರ ಕೆಲಸ.

ಹೂವರ್ 1895ರ ಜನವರಿ 1ರಂದು ವಾಷಿಂಗ್ಟನ್ ನಗರದಲ್ಲಿ ಹುಟ್ಟಿದ. ಕಾನೂನು ಓದುವ ಕಾಲದಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿ ಕೆಲಸಕ್ಕಿದ್ದ. ಪುಸ್ತಕಗಳನ್ನು ಕಾರ್ಡುಗಳಲ್ಲಿ ಸೂಚಿ ಮಾಡುವ ಗ್ರಂಥಾಲಯದ ಆ ಶಿಸ್ತನ್ನು ಮುಂದೆ ಮನುಷ್ಯರ ಮೇಲೆ ಪ್ರಯೋಗಿಸಿದ್ದೇ ಆತನ ಜೀವನದ ಸಾರಾಂಶ ಎಂದರೆ ದೊಡ್ಡ ಉತ್ಪ್ರೇಕ್ಷೆಯಾಗದು. 1917ರಲ್ಲಿ ನ್ಯಾಯ ಇಲಾಖೆ ಸೇರಿ, 1919ರಲ್ಲಿ ಎಡಪಂಥೀಯರ ಮೇಲೆ ಕಣ್ಣಿಡುವ ವಿಭಾಗದ ಮುಖ್ಯಸ್ಥನಾದಾಗ ಆತನಿಗೆ ಇನ್ನೂ 24 ವರ್ಷ. ಆ ವರ್ಷದ ಡಿಸೆಂಬರಿನಲ್ಲಿ ಅರಾಜಕತಾವಾದಿ ಎಮ್ಮಾ ಗೋಲ್ಡ್‌ಮನ್ ಸೇರಿದಂತೆ 249 ಜನರನ್ನು ಬುಫೋರ್ಡ್ ಎಂಬ ಹಡಗಿನಲ್ಲಿ ಗಡೀಪಾರು ಮಾಡಿದ್ದರಲ್ಲಿ, 1920ರ ಜನವರಿಯಲ್ಲಿ ಸಾವಿರಾರು ವಲಸಿಗರನ್ನು ಹಿಡಿದು ತುಂಬಿದ ಪಾಮರ್ ದಾಳಿಗಳಲ್ಲಿ ಆತನ ಪಾತ್ರ ದೊಡ್ಡದು. ವಲಸೆ ಬಂದವರು ಇದನ್ನು ಗಮನಿಸಬೇಕು: ಈ ವೃತ್ತಿಜೀವನ ದರೋಡೆಕೋರರ ಬೇಟೆಯಿಂದ ಆರಂಭವಾಗಲಿಲ್ಲ, ಪೌರರಲ್ಲದವರ ಅಭಿಪ್ರಾಯಗಳ ಪಟ್ಟಿ ತಯಾರಿಸುವುದರಿಂದ ಆರಂಭವಾಯಿತು. ಪೌರನನ್ನು ಗಡೀಪಾರು ಮಾಡಲಾಗದು, ವಲಸಿಗನನ್ನು ಮಾಡಬಹುದು ಎಂಬ ವ್ಯತ್ಯಾಸ ಆತನಿಗೆ ಬಹಳ ಬೇಗ ಅರ್ಥವಾಗಿತ್ತು.

ಆದರೂ ಆತ ಕಟ್ಟಿದ್ದನ್ನು ಕಡೆಗಣಿಸಲಾಗದು. 1924ರಲ್ಲಿ ಲೆವೆನ್‌ವರ್ತ್ ಜೈಲಿನಲ್ಲಿಯೂ ಪೊಲೀಸ್ ಮುಖ್ಯಸ್ಥರ ಸಂಘದಲ್ಲಿಯೂ ಬೇರೆಬೇರೆಯಾಗಿದ್ದ ಎಂಟು ಲಕ್ಷಕ್ಕೂ ಹೆಚ್ಚು ಬೆರಳಚ್ಚು ಕಾರ್ಡುಗಳು ಒಂದೇ ಕಡೆ ಸೇರಿದವು. 1930ರಲ್ಲಿ ದೇಶದ ಅಪರಾಧ ಅಂಕಿಅಂಶಗಳ ಸಂಗ್ರಹ ಈ ಸಂಸ್ಥೆಯ ಪಾಲಿಗೆ ಬಂತು. 1932ರಲ್ಲಿ ಪ್ರಯೋಗಾಲಯ, 1935ರಲ್ಲಿ ಇತರ ಪೊಲೀಸರಿಗೂ ತರಬೇತಿ ಕೊಡುವ ಅಕಾಡೆಮಿ ಮತ್ತು ಎಫ್‌ಬಿಐ ಎಂಬ ಇಂದಿನ ಹೆಸರು ಬಂದವು. ಬೆರಳಚ್ಚಿನ ವಿಷಯದಲ್ಲಿ ನಮ್ಮ ದೇಶದ ಪಾಲನ್ನೂ ಹೇಳಬೇಕು. ಲಕ್ಷಗಟ್ಟಲೆ ಅಚ್ಚುಗಳನ್ನು ವಿಂಗಡಿಸಲು ಅಮೆರಿಕನ್ನರು ಬಳಸಿದ ಹೆನ್ರಿ ಪದ್ಧತಿ ಬಂಗಾಳದ ಪೊಲೀಸ್ ಇಲಾಖೆಯಲ್ಲಿ ರೂಪುಗೊಂಡದ್ದು. ಅಲ್ಲಿ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಪೊಲೀಸರು ತಲೆ ಓಡಿಸಿದರು, ಹೆಸರು ಮಾತ್ರ ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಗೆ ಹೋಯಿತು.

1967ರಲ್ಲಿ ಆರಂಭವಾದ ಎನ್‌ಸಿಐಸಿ ಎಂಬ ಕಂಪ್ಯೂಟರ್ ಜಾಲವೂ ಹೂವರ್ ಕಾಲದ್ದೇ. ಹೆದ್ದಾರಿಯಲ್ಲಿ ವೇಗ ಮೀರಿದ್ದಕ್ಕೆ ನಿಮ್ಮ ಕಾರನ್ನು ನಿಲ್ಲಿಸಿದ ಪೊಲೀಸ್ ಅಧಿಕಾರಿ, ಲೈಸೆನ್ಸ್ ಪಡೆದು ತನ್ನ ಗಾಡಿಗೆ ಹಿಂದಿರುಗಿ ಐದು ನಿಮಿಷ ಏನು ಮಾಡುತ್ತಾರೆಂದು ನಾವು ಕಾತರದಿಂದ ಕಾಯುತ್ತೇವಲ್ಲ, ಆಗ ಅವರು ನೋಡುವ ದಾಖಲೆಗಳಲ್ಲಿ ಇದೂ ಒಂದು. ಕೋರ್ಟಿಗೆ ಹೋಗದೆ ಮರೆತ ಹಳೆಯ ಪ್ರಕರಣಕ್ಕೆ ವಾರಂಟ್ ಹೊರಟಿದ್ದರೆ ಅದು ಸಾವಿರ ಮೈಲಿ ಆಚೆಯ ರಾಜ್ಯದಲ್ಲೂ ಎದುರಾಗಬಹುದಾದ್ದರಿಂದ, ಟಿಕೆಟ್ ಸಣ್ಣದೆಂದು ಮೂಲೆಗೆ ಹಾಕುವುದು ಜಾಣತನವಲ್ಲ.

ಹೆಸರಿನ ಪರಿಶೀಲನೆ ಇನ್ನೂ ಕುತೂಹಲದ್ದು. ಎಫ್‌ಬಿಐ ಕಡತಗಳಲ್ಲಿ ಒಬ್ಬ ವ್ಯಕ್ತಿಯ ಹೆಸರು ಎರಡು ಬಗೆಯಲ್ಲಿ ಇರಬಹುದು: ಆತನ ಮೇಲೆಯೇ ತೆರೆದ ಮುಖ್ಯ ಕಡತವಾಗಿ, ಅಥವಾ ಇನ್ನೊಬ್ಬರ ಕಡತದೊಳಗೆ ಬಂದುಹೋದ ಉಲ್ಲೇಖವಾಗಿ. ನೀವು ಸಾಕ್ಷಿಯಾಗಿದ್ದರೂ, ದೂರು ಕೊಟ್ಟವರಾಗಿದ್ದರೂ ಎರಡನೆಯ ಬಗೆಯಲ್ಲಿ ಹೆಸರು ಸೇರಿರಬಹುದು. ಸೂಚಿ ಕಾರ್ಡುಗಳ ಕಾಲದ ಈ ಜೋಡಣೆಯನ್ನು ಪೌರತ್ವದ ಅರ್ಜಿಗಳಿಗೂ ಅನ್ವಯಿಸಿದ್ದರಿಂದ 2007ರ ಆಸುಪಾಸಿನಲ್ಲಿ ಎಷ್ಟೋ ಅರ್ಜಿಗಳು ವರ್ಷಗಟ್ಟಲೆ ನಿಂತುಹೋಗಿದ್ದವು. ಹೆಸರಿನ ಭಾಗಗಳನ್ನು ಹಿಂದುಮುಂದು ಮಾಡಿಯೂ ಹುಡುಕುತ್ತಾರೆ. ಊರಿನ ಹೆಸರು, ತಂದೆಯ ಹೆಸರು ಎರಡನ್ನೂ ಇನಿಷಿಯಲ್ಲಿನಲ್ಲಿ ಅಡಗಿಸಿ, ಪಾಸ್‌ಪೋರ್ಟಿನಲ್ಲಿ ಒಂದು ಬಗೆ, ಅಂಕಪಟ್ಟಿಯಲ್ಲಿ ಇನ್ನೊಂದು ಬಗೆ ಬರೆದುಕೊಂಡಿರುವ ನಮ್ಮಂಥವರು ಅರ್ಜಿಯ ‘ಬಳಸಿದ ಇತರ ಹೆಸರುಗಳು’ ಎಂಬ ಕಲಂನಲ್ಲಿ ಎಲ್ಲ ರೂಪಗಳನ್ನೂ ಬರೆಯುವುದು ಕ್ಷೇಮ.

ಇನ್ನು ಆ ಯಂತ್ರದ ದುರ್ಬಳಕೆಯ ಕಥೆ. 1956ರಿಂದ 1971ರವರೆಗೆ ಕೋಇಂಟೆಲ್‌ಪ್ರೋ ಎಂಬ ಗುಪ್ತ ಕಾರ್ಯಾಚರಣೆ ನಡೆಯಿತು. ಮೊದಲು ಕಮ್ಯುನಿಸ್ಟ್ ಪಕ್ಷ, ನಂತರ ಸಮಾಜವಾದಿಗಳು, ಬಿಳಿಯರ ಮೇಲುಗೈ ಸಾರುವ ಕು ಕ್ಲುಕ್ಸ್ ಕ್ಲಾನ್, ಕಪ್ಪು ಜನರ ಸಂಘಟನೆಗಳು, ಯುದ್ಧವಿರೋಧಿ ವಿದ್ಯಾರ್ಥಿಗಳು ಅದರ ಗುರಿಯಾದರು. ಅಪರಾಧ ಪತ್ತೆ ಅದರ ಉದ್ದೇಶವಾಗಿರಲಿಲ್ಲ. ಸುಳ್ಳು ಪತ್ರ, ಮಾಹಿತಿದಾರರು, ಗಾಳಿಸುದ್ದಿಗಳಿಂದ ಸಂಘಟನೆಗಳನ್ನು ಒಳಗಿನಿಂದ ಒಡೆಯುವುದು ಉದ್ದೇಶವಾಗಿತ್ತು. ಮಾರ್ಟಿನ್ ಲೂಥರ್ ಕಿಂಗ್ ಅವರ ಫೋನ್ ಕದ್ದಾಲಿಕೆಗೆ 1963ರ ಅಕ್ಟೋಬರಿನಲ್ಲಿ ಅನುಮತಿ ಕೊಟ್ಟವರು ನ್ಯಾಯ ಇಲಾಖೆಯ ಮುಖ್ಯಸ್ಥರಾದ ಅಟಾರ್ನಿ ಜನರಲ್ ರಾಬರ್ಟ್ ಕೆನೆಡಿ. ಹಾಗಾಗಿ ಎಲ್ಲವನ್ನೂ ಹೂವರ್ ಒಬ್ಬನ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ಮರುವರ್ಷ ಹೋಟೆಲ್ ಕೋಣೆಗಳಲ್ಲಿ ಗುಟ್ಟಾಗಿ ಮಾಡಿದ ಧ್ವನಿಮುದ್ರಣದ ಜೊತೆಗೆ, ಕಿಂಗ್ ಆತ್ಮಹತ್ಯೆ ಮಾಡಿಕೊಳ್ಳಲಿ ಎಂಬ ಸೂಚನೆಯಿದ್ದ ಅನಾಮಧೇಯ ಪತ್ರವನ್ನು ಎಫ್‌ಬಿಐ ಕಳುಹಿಸಿತು. ಎಪ್ಪತ್ತಕ್ಕೆ ನಿವೃತ್ತಿಯಾಗಬೇಕಿದ್ದ ಹೂವರ್‌ಗೆ ಅಧ್ಯಕ್ಷ ಜಾನ್ಸನ್ ವಿನಾಯಿತಿ ಕೊಟ್ಟು ಮುಂದುವರಿಸಿದ್ದೂ ಅದೇ 1964ರಲ್ಲಿ.

ಇದೆಲ್ಲ ಬಯಲಾದದ್ದು ಕಳ್ಳತನದಿಂದ. 1971ರ ಮಾರ್ಚ್ 8ರ ರಾತ್ರಿ, ಅಲಿ ಮತ್ತು ಫ್ರೇಜಿಯರ್ ನಡುವಿನ ಬಾಕ್ಸಿಂಗ್ ಪಂದ್ಯದಲ್ಲಿ ದೇಶವೆಲ್ಲ ಮುಳುಗಿದ್ದಾಗ, ಕೆಲವು ಸಾಮಾನ್ಯ ಜನ ಪೆನ್ಸಿಲ್ವೇನಿಯಾದ ಮೀಡಿಯಾ ಎಂಬ ಊರಿನ ಎಫ್‌ಬಿಐ ಕಚೇರಿಯ ಬೀಗ ಮುರಿದು ಕಡತಗಳನ್ನು ಹೊತ್ತೊಯ್ದು ಪತ್ರಿಕೆಗಳಿಗೆ ಕಳುಹಿಸಿದರು. ಹೂವರ್ ಸತ್ತ ಬಳಿಕ ಆತನ ಕಾರ್ಯದರ್ಶಿ ಹೆಲೆನ್ ಗ್ಯಾಂಡಿ ‘ಖಾಸಗಿ’ ಕಡತಗಳನ್ನು ನಾಶಪಡಿಸಿದರು. ಅಷ್ಟಾದರೂ ಉಳಿದದ್ದೇ 1975-76ರಲ್ಲಿ ಗುಪ್ತಚರ ಸಂಸ್ಥೆಗಳ ದುರ್ಬಳಕೆಯನ್ನು ತನಿಖೆ ಮಾಡಿದ, ಸೆನೆಟರ್ ಫ್ರಾಂಕ್ ಚರ್ಚ್ ನೇತೃತ್ವದ ಸಮಿತಿಗೆ ಸಾಕಷ್ಟಾಯಿತು. ಆ ಸಮಿತಿ ಕೂತಿದ್ದ 1975ರಲ್ಲೇ ಪೆನ್ಸಿಲ್ವೇನಿಯಾ ಅವೆನ್ಯೂವಿನಲ್ಲಿ ಹೂವರ್ ಹೆಸರು ಹೊತ್ತ ಹೊಸ ಕೇಂದ್ರ ಕಚೇರಿಯ ಉದ್ಘಾಟನೆಯಾಯಿತು.

ಬೇಲಿಗಳು ಬಂದದ್ದು ಹೀಗೆ. 1968ರ ಕಾನೂನು ಹೂವರ್ ನಂತರದ ನಿರ್ದೇಶಕರಿಗೆ ಸೆನೆಟ್ಟಿನ ಒಪ್ಪಿಗೆ ಕಡ್ಡಾಯ ಮಾಡಿತು, 1976ರ ಕಾನೂನು ಹತ್ತು ವರ್ಷದ ಒಂದೇ ಅವಧಿ ಎಂದಿತು. ಇಲ್ಲಿ ನಮ್ಮವರಲ್ಲಿ ಅನೇಕರು ಎಡವುತ್ತಾರೆ. ವಿನೀತ್ ನಾರಾಯಣ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ನಂತರ ನಮ್ಮ ಸಿಬಿಐ ನಿರ್ದೇಶಕರಿಗೆ ದೊರೆತ ಎರಡು ವರ್ಷ ಕನಿಷ್ಠ ಅವಧಿ, ಸರ್ಕಾರ ಮನಬಂದಂತೆ ಎತ್ತಂಗಡಿ ಮಾಡದಿರಲೆಂದು ಕೊಟ್ಟ ರಕ್ಷಣೆ. ಎಫ್‌ಬಿಐಯ ಹತ್ತು ವರ್ಷ ಗರಿಷ್ಠ ಅವಧಿ, ನಿರ್ದೇಶಕರಿಂದ ದೇಶಕ್ಕೆ ಕೊಟ್ಟ ರಕ್ಷಣೆ. ಅಧ್ಯಕ್ಷರು ನಿರ್ದೇಶಕರನ್ನು ಯಾವಾಗ ಬೇಕಾದರೂ ತೆಗೆಯಬಹುದು: 1993ರಲ್ಲಿ ವಿಲಿಯಂ ಸೆಷನ್ಸ್, 2017ರಲ್ಲಿ ಜೇಮ್ಸ್ ಕೋಮಿ ಹಾಗೆಯೇ ಹೋದರು. ಹೂವರ್ ನಂತರ ಹತ್ತು ವರ್ಷ ದಾಟಿದವರು ರಾಬರ್ಟ್ ಮುಲ್ಲರ್ ಒಬ್ಬರೇ, ಅದಕ್ಕೂ 2011ರಲ್ಲಿ ವಿಶೇಷ ಕಾನೂನು ಬೇಕಾಯಿತು. ಹೀಗೆ ಒಬ್ಬ ನಿರ್ದೇಶಕ ಅಧ್ಯಕ್ಷರಿಗಿಂತ ಬಲಶಾಲಿಯಾಗುವುದನ್ನು ತಡೆಯುವ ಬೇಲಿಯಿದೆ. ನಿರ್ದೇಶಕ ಅಧ್ಯಕ್ಷರ ಕೈಗೊಂಬೆಯಾಗುವುದನ್ನು ತಡೆಯುವ ಬೇಲಿ ಅಷ್ಟು ಗಟ್ಟಿಯಾಗಿಲ್ಲ ಎಂಬುದು ನನ್ನ ಅಭಿಪ್ರಾಯ.

ದೇಶದ ಭದ್ರತೆಯ ಹೆಸರಿನ ಕದ್ದಾಲಿಕೆಗೆ ವಿಶೇಷ ನ್ಯಾಯಾಲಯದ ಆದೇಶ ಬೇಕೆಂದು 1978ರ ಫೀಸಾ ಕಾನೂನು ಹೇಳಿತು. ತನಿಖೆ ಆರಂಭಿಸಲು ಎಷ್ಟು ಆಧಾರ ಬೇಕೆಂಬುದನ್ನು ಅಟಾರ್ನಿ ಜನರಲ್ ಎಡ್ವರ್ಡ್ ಲೆವಿ 1976ರಲ್ಲಿ ಮಾರ್ಗಸೂಚಿಯಾಗಿ ಬರೆದರು. ಆದರೆ ಅದು ಸಂಸತ್ತಿನ ಕಾನೂನಲ್ಲ, ಮುಂದಿನವರು ತಿದ್ದಬಹುದಾದ ಕಾಗದ. 2008ರ ತಿದ್ದುಪಡಿಯ ನಂತರ, ನಿರ್ದಿಷ್ಟ ಅನುಮಾನವಿಲ್ಲದೆಯೂ ‘ಅಸೆಸ್‌ಮೆಂಟ್’ ಎಂಬ ಆರಂಭದ ಹಂತದಲ್ಲಿ ಏಜೆಂಟರು ಜನರನ್ನು ಭೇಟಿಮಾಡಿ ಪ್ರಶ್ನಿಸಬಹುದು.

ಹಾಗಾಗಿ ಏನೂ ತಪ್ಪು ಮಾಡದವರ ಬಾಗಿಲನ್ನೂ ಅವರು ತಟ್ಟಬಹುದು. ಸಾಮಾನ್ಯವಾಗಿ ಇಬ್ಬರು ಬರುತ್ತಾರೆ. ಒಬ್ಬರು ಕೇಳುತ್ತಾರೆ, ಇನ್ನೊಬ್ಬರು ಬರೆದುಕೊಳ್ಳುತ್ತಾರೆ, ಆ ಟಿಪ್ಪಣಿ ಮುಂದೆ ‘302’ ಎಂಬ ನಮೂನೆಯ ವರದಿಯಾಗುತ್ತದೆ. ಗುರುತಿನ ಚೀಟಿ ತೋರಿಸಲು ಕೇಳುವುದು ಅಗೌರವವಲ್ಲ. ನ್ಯಾಯಾಧೀಶರ ಸಹಿಯಿರುವ ವಾರಂಟ್ ಇಲ್ಲದಿದ್ದರೆ ಒಳಗೆ ಕರೆಯಬೇಕಾಗಿಲ್ಲ, ವಕೀಲರ ಮೂಲಕ ಮಾತಾಡುತ್ತೇನೆಂದು ಹೇಳಬಹುದು. ಮೌನವಾಗಿರುವ ಹಕ್ಕು ಎಚ್-1ಬಿ ವೀಸಾದವರಿಗೂ ಇದೆ. ಸಿನಿಮಾದಲ್ಲಿ ಕೇಳುವ ಹಕ್ಕುಗಳ ಘೋಷಣೆ ಬಂಧನದಲ್ಲಿಟ್ಟು ವಿಚಾರಿಸುವಾಗಿನದು, ಬಾಗಿಲಲ್ಲಿ ನಿಂತು ಆಡುವ ಮಾತಿಗೆ ಅದು ಬರುವುದಿಲ್ಲ. ಮನೆಗೆ ಬಂದವರನ್ನು ಕೂರಿಸಿ ಕಾಫಿ ಕೊಟ್ಟು, ಕೇಳಿದ್ದಕ್ಕೆಲ್ಲ ಅಂದಾಜಿನ ಉತ್ತರ ಹೇಳುವ ನಮ್ಮ ಸ್ವಭಾವವೇ ಇಲ್ಲಿ ತೊಡಕು. ಒಕ್ಕೂಟದ ಅಧಿಕಾರಿಗೆ ಮುಖ್ಯ ವಿಷಯದಲ್ಲಿ ತಿಳಿದೂ ಸುಳ್ಳು ಹೇಳುವುದು, ಪ್ರಮಾಣ ಮಾಡಿರದಿದ್ದರೂ, ಐದು ವರ್ಷದವರೆಗೆ ಜೈಲು ವಿಧಿಸಬಹುದಾದ ಅಪರಾಧ. ಸ್ನೇಹಿತನನ್ನು ಉಳಿಸಲೆಂದು ‘ಅವನ ಪರಿಚಯವೇ ಇಲ್ಲ’ ಎನ್ನುವುದಕ್ಕಿಂತ ಏನೂ ಹೇಳದಿರುವುದು ಎಷ್ಟೋ ಮೇಲು. 2025ರಲ್ಲಿ ಎಫ್‌ಬಿಐ ಏಜೆಂಟರನ್ನು ವಲಸೆ ಕಾರ್ಯಾಚರಣೆಗಳಿಗೂ ನಿಯೋಜಿಸಿರುವುದರಿಂದ, ವಕೀಲರು ಅಪರಾಧ ಕಾನೂನಿನ ಜೊತೆಗೆ ವಲಸೆ ಕಾನೂನನ್ನೂ ಬಲ್ಲವರಾಗಿರಲಿ.

ಫೋನಿನಲ್ಲಿ ‘ನಾನು ಎಫ್‌ಬಿಐ’ ಎಂದು ಹೆದರಿಸಿ ಗಿಫ್ಟ್ ಕಾರ್ಡನ್ನೋ ಬಿಟ್‌ಕಾಯಿನ್ನನ್ನೋ ಕೇಳುವವರು ಮಾತ್ರ ಎಫ್‌ಬಿಐಯವರಲ್ಲ. ಊರಿನಲ್ಲಿ ‘ಡಿಜಿಟಲ್ ಅರೆಸ್ಟ್’ ಎಂದು ಕಾಡುವ ವಂಚನೆಯ ಇನ್ನೊಂದು ವೇಷ ಅದು. ದೂರು ಕೊಡಬೇಕಾದದ್ದು ಎಫ್‌ಬಿಐಯದೇ ಐಸಿ3 ಎಂಬ ಜಾಲತಾಣದಲ್ಲಿ.

ನಿಮ್ಮ ಬಗ್ಗೆ ಅಲ್ಲಿ ಏನಿದೆ ಎಂದು ಕೇಳುವ ಹಕ್ಕೂ ಹೂವರ್ ನಂತರದ ಸಂಶಯದಿಂದಲೇ ಬಲಗೊಂಡದ್ದು. ಅಪರಾಧ ದಾಖಲೆಯಷ್ಟೇ ಬೇಕಿದ್ದರೆ, ಉದಾಹರಣೆಗೆ ಕೆನಡಾಕ್ಕೆ ವಲಸೆ ಹೋಗಲು, ಬೆರಳಚ್ಚಿನೊಂದಿಗೆ 18 ಡಾಲರ್ ಕಟ್ಟಿ ಐಡೆಂಟಿಟಿ ಹಿಸ್ಟರಿ ಸಮ್ಮರಿ ಪಡೆಯಬಹುದು, ತಪ್ಪಿದ್ದರೆ ತಿದ್ದಿಸಲೂಬಹುದು. ಕಡತವೇ ಬೇಕಿದ್ದರೆ ಪೌರರು ಮತ್ತು ಗ್ರೀನ್ ಕಾರ್ಡ್ ಉಳ್ಳವರು 1974ರ ಪ್ರೈವೆಸಿ ಕಾನೂನಿನಡಿ ಅರ್ಜಿ ಹಾಕಬಹುದು. ವೀಸಾದ ಮೇಲಿರುವವರಿಗೆ 1966ರ ಮಾಹಿತಿ ಹಕ್ಕಿನ ಕಾನೂನು ಇದೆ, ನಮ್ಮ ಆರ್‌ಟಿಐಗಿಂತ ಅದು ನಾಲ್ಕು ದಶಕ ಹಿರಿಯದು. ಉತ್ತರಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗಬಹುದು, ಬಂದ ಪುಟಗಳಲ್ಲಿ ಕೆಲವು ಸಾಲುಗಳಿಗೆ ಕಪ್ಪು ಬಳಿದಿರಬಹುದು. ಯಾವ ವಿನಾಯಿತಿಯಡಿ ಬಳಿದಿದ್ದೇವೆಂಬುದನ್ನು ಅವರು ಪಕ್ಕದಲ್ಲಿ ಗುರುತಿಸಬೇಕು, ಒಪ್ಪಿಗೆಯಾಗದಿದ್ದರೆ ನೀವು ಮೇಲ್ಮನವಿ ಸಲ್ಲಿಸಬಹುದು.