ಜರ್ಮನಿಯಲ್ಲಿ ವೈದ್ಯಕೀಯ ಬೋಧಕರಾಗಲು ಹ್ಯಾಬಿಲಿಟೇಶನ್: ಮೊದಲ ಹೆಜ್ಜೆಯಿಂದ ಬೋಧನಾಧಿಕಾರದವರೆಗೆ

ನಮ್ಮ ವೈದ್ಯಕೀಯ ಕಾಲೇಜುಗಳಲ್ಲಿ ಎಂ.ಡಿ. ಅಥವಾ ಎಂ.ಎಸ್. ಮುಗಿಸಿ ಒಂದು ವರ್ಷ ಸೀನಿಯರ್ ರೆಸಿಡೆಂಟ್ ಆಗಿ ದುಡಿದವರು ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಸಲ್ಲಿಸಬಹುದು. ಜರ್ಮನಿಯ ದಾರಿ ಇದಕ್ಕಿಂತ ಬಹಳ ದೀರ್ಘವಾದದ್ದು. ಒಂದು ವಿಷಯವನ್ನು ವಿಶ್ವವಿದ್ಯಾಲಯದಲ್ಲಿ ಸ್ವತಂತ್ರವಾಗಿ ಬೋಧಿಸಬಲ್ಲೆ ಎಂಬುದನ್ನು ಡಾಕ್ಟರೇಟ್ ಪಡೆದ ಮೇಲೆ ಮತ್ತೊಮ್ಮೆ ಸಾಬೀತುಪಡಿಸುವ ವಿಧಿಗೆ ಅಲ್ಲಿ ಹ್ಯಾಬಿಲಿಟೇಶನ್ ಎನ್ನುತ್ತಾರೆ. ಆ ದೇಶದಲ್ಲಿ ವರ್ಷಕ್ಕೆ ಸುಮಾರು 1,500 ಮಂದಿ ಈ ಅರ್ಹತೆ ಗಳಿಸುತ್ತಾರೆ. ಅವರಲ್ಲಿ ಅರ್ಧದಷ್ಟು ಜನ ವೈದ್ಯಕೀಯ ಕ್ಷೇತ್ರದವರು. 2002ರಲ್ಲಿ ಜೂನಿಯರ್ ಪ್ರೊಫೆಸರ್ ಎಂಬ ಪರ್ಯಾಯ ಮಾರ್ಗ ತೆರೆದುಕೊಂಡರೂ ರೋಗಿಗಳನ್ನು ನೋಡಿಕೊಳ್ಳುವ ವಿಭಾಗಗಳಲ್ಲಿ ಹಳೆಯ ಮಾರ್ಗದ ಮಹತ್ವ ಕುಗ್ಗಿಲ್ಲ. ತಜ್ಞ ತರಬೇತಿಗೆಂದು ಅಲ್ಲಿಗೆ ಹೋಗಿ, ಪಾಠ ಹೇಳುವ ಆಸೆಯನ್ನೂ ಇಟ್ಟುಕೊಂಡಿರುವ ನಮ್ಮ ಯುವ ವೈದ್ಯರು ಈ ಮಾರ್ಗವನ್ನು ಮೊದಲ ದಿನದಿಂದಲೇ ತಿಳಿದಿರಬೇಕು.

ನಿಯಮಾವಳಿಯನ್ನು ಮೊದಲು ಓದಿ

ಇಡೀ ಜರ್ಮನಿಗೆ ಅನ್ವಯಿಸುವ ಒಂದೇ ನಿಯಮ ಇಲ್ಲ. ರಾಜ್ಯದ ಉನ್ನತ ಶಿಕ್ಷಣ ಕಾಯ್ದೆಯ ಚೌಕಟ್ಟಿನೊಳಗೆ ಪ್ರತಿಯೊಂದು ವೈದ್ಯಕೀಯ ನಿಕಾಯವೂ ತನ್ನದೇ ಹ್ಯಾಬಿಲಿಟೇಶನ್ ನಿಯಮಾವಳಿಯನ್ನು ರೂಪಿಸಿಕೊಂಡಿರುತ್ತದೆ. ಎಷ್ಟು ಸಂಶೋಧನಾ ಲೇಖನಗಳು ಬೇಕು, ಅವುಗಳಲ್ಲಿ ಎಷ್ಟರಲ್ಲಿ ನಿಮ್ಮ ಹೆಸರು ಮೊದಲನೆಯದಾಗಿ ಅಥವಾ ಕೊನೆಯದಾಗಿ ಇರಬೇಕು, ಎಷ್ಟು ಸೆಮಿಸ್ಟರ್ ಪಾಠ ಮಾಡಿರಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ಹಿರಿಯ ಸಹೋದ್ಯೋಗಿಗಳ ಬಾಯಿಮಾತನ್ನು ನಂಬಿ ವರ್ಷಗಳನ್ನು ಕಳೆಯುವ ಬದಲು, ಆಸ್ಪತ್ರೆ ಸೇರಿದ ವಾರದಲ್ಲೇ ಅದನ್ನು ಓದಿಕೊಳ್ಳುವುದು ಒಳ್ಳೆಯದು. ಬವೇರಿಯಾದಲ್ಲಿ ಅಭ್ಯರ್ಥಿಯನ್ನು ಆರಂಭದಲ್ಲೇ ನೋಂದಾಯಿಸಿಕೊಂಡು, ಮೂವರು ಮಾರ್ಗದರ್ಶಕರ ಮಂಡಳಿಯೊಂದನ್ನು ನೇಮಿಸಿ, ನಡುವೆ ಒಮ್ಮೆ ಪ್ರಗತಿಯನ್ನು ಪರಿಶೀಲಿಸುತ್ತಾರೆ.

ಡಾಕ್ಟರೇಟ್ ಮತ್ತು ತಜ್ಞ ಪದವಿ

ಭಾರತದಲ್ಲಿ ಓದಿದವರು ಮೊದಲು ಜರ್ಮನ್ ಭಾಷಾ ಪರೀಕ್ಷೆಗಳನ್ನು ದಾಟಿ, ತಮ್ಮ ಪದವಿಗೆ ಮಾನ್ಯತೆ ದೊರಕಿಸಿಕೊಂಡು, ರಾಜ್ಯದ ಪ್ರಾಧಿಕಾರದಿಂದ ಪೂರ್ಣ ವೃತ್ತಿ ಪರವಾನಗಿ ಪಡೆಯಬೇಕು. ಇದಕ್ಕೆ ಬಹಳಷ್ಟು ಮಂದಿ ವೈದ್ಯಕೀಯ ಜ್ಞಾನದ ಪರೀಕ್ಷೆಯನ್ನೂ ಎದುರಿಸಬೇಕಾಗುತ್ತದೆ. ಆನಂತರದ ತಜ್ಞ ತರಬೇತಿ ವಿಷಯಕ್ಕೆ ತಕ್ಕಂತೆ ಸಾಮಾನ್ಯವಾಗಿ 5 ಅಥವಾ 6 ವರ್ಷ ಹಿಡಿಯುತ್ತದೆ. ನಮ್ಮವರು ಎಡವುವ ಸಂಗತಿ ಇನ್ನೊಂದಿದೆ. ನಮ್ಮ ಎಂ.ಡಿ. ತಜ್ಞ ಪದವಿ, ಜರ್ಮನಿಯ ‘ಡಾ. ಮೆಡ್.’ ಸಂಶೋಧನಾ ಪ್ರಬಂಧಕ್ಕೆ ದೊರೆಯುವ ಡಾಕ್ಟರೇಟ್. ಅಲ್ಲಿನ ವಿದ್ಯಾರ್ಥಿಗಳಲ್ಲಿ ಅನೇಕರು ಓದುವಾಗಲೇ ಈ ಪ್ರಬಂಧವನ್ನು ಶುರುಮಾಡಿರುತ್ತಾರೆ. ಆದ್ದರಿಂದ ಹೊರಗಿನಿಂದ ಹೋದವರು ತಜ್ಞ ತರಬೇತಿ ಮುಗಿಯಲಿ ಎಂದು ಕಾಯದೆ, ಅದರ ಜೊತೆಯಲ್ಲೇ ಡಾಕ್ಟರೇಟ್‌ಗೆ ಮಾರ್ಗದರ್ಶಕರನ್ನು ಹುಡುಕಿಕೊಳ್ಳಬೇಕು.

ಸಂಶೋಧನೆ: ಒಂದೇ ಪ್ರಶ್ನೆಯ ಬೆನ್ನು ಹತ್ತುವುದು

ಹ್ಯಾಬಿಲಿಟೇಶನ್ ಪ್ರಬಂಧವನ್ನು ಸ್ವತಂತ್ರ ಗ್ರಂಥವಾಗಿ ಬರೆಯಲು ಅವಕಾಶವಿದ್ದರೂ, ವೈದ್ಯಕೀಯದಲ್ಲಿ ಪ್ರಕಟಿತ ಲೇಖನಗಳನ್ನು ಒಟ್ಟುಗೂಡಿಸಿ, ಅವುಗಳನ್ನು ಬೆಸೆಯುವ ವಿಸ್ತಾರವಾದ ಬರಹದೊಂದಿಗೆ ಸಲ್ಲಿಸುವುದೇ ಈಗಿನ ವಾಡಿಕೆ. ಪಕ್ಕದ ವಾರ್ಡಿನ ಅಧ್ಯಯನಕ್ಕೆ ಒಂದು ಲೇಖನ, ಗೆಳೆಯರ ಪ್ರಯೋಗಾಲಯಕ್ಕೆ ಇನ್ನೊಂದು ಎಂದು ಬರೆಯುತ್ತ ಹೋದವರ ಪಟ್ಟಿ ಉದ್ದವಾಗಿರುತ್ತದೆ, ಆದರೆ ಅದರಿಂದ ಒಂದು ಪ್ರಬಂಧ ಮೂಡುವುದಿಲ್ಲ. ಮೂತ್ರಪಿಂಡ ಕಸಿ ಮಾಡಿಸಿಕೊಂಡವರಲ್ಲಿ ಸೋಂಕು ಏಕೆ ಮರುಕಳಿಸುತ್ತದೆ ಎಂಬಂಥ ಒಂದು ಗಟ್ಟಿ ಪ್ರಶ್ನೆಯನ್ನು ಆರಿಸಿಕೊಂಡು, ಪ್ರತಿಯೊಂದು ಲೇಖನವೂ ಅದರ ಉತ್ತರವನ್ನು ಸ್ವಲ್ಪ ಮುಂದಕ್ಕೆ ಒಯ್ಯುವಂತೆ ಯೋಜಿಸುವುದೇ ಸರಿಯಾದ ಕ್ರಮವೆಂದು ನನ್ನ ದೃಢವಾದ ಅಭಿಪ್ರಾಯ. ಡಾಕ್ಟರೇಟ್‌ಗೆ ಬಳಸಿದ ಲೇಖನಗಳನ್ನು ಇಲ್ಲಿ ಸಾಮಾನ್ಯವಾಗಿ ಮತ್ತೆ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೊನೆಯ ಲೇಖಕರ ಸ್ಥಾನಕ್ಕೂ ವಿಶೇಷ ಬೆಲೆಯಿದೆ. ಅಭ್ಯರ್ಥಿಯು ಕಿರಿಯರ ಸಂಶೋಧನೆಯನ್ನು ನಡೆಸಿಕೊಡಬಲ್ಲರು ಎಂಬುದಕ್ಕೆ ಅದು ಪುರಾವೆ.

ರಾತ್ರಿ ಪಾಳಿ ಮತ್ತು ಹೊರರೋಗಿ ವಿಭಾಗದ ಕೆಲಸದ ನಡುವೆ ಇದಕ್ಕೆಲ್ಲ ಸಮಯ ಸಿಗುವುದೇ ದೊಡ್ಡ ಕಷ್ಟ. ಹಲವು ವಿಶ್ವವಿದ್ಯಾಲಯ ಆಸ್ಪತ್ರೆಗಳು ‘ಕ್ಲಿನಿಷಿಯನ್ ಸೈಂಟಿಸ್ಟ್’ ಕಾರ್ಯಕ್ರಮಗಳ ಮೂಲಕ ವೈದ್ಯರ ಕೆಲಸದ ಅವಧಿಯ ಒಂದು ಭಾಗವನ್ನು ಸಂಶೋಧನೆಗೆಂದೇ ಮೀಸಲಿಡುತ್ತವೆ. ಅರ್ಹರಾದವರು ತಪ್ಪದೆ ಅರ್ಜಿ ಹಾಕಬೇಕು. ವಿಶ್ವವಿದ್ಯಾಲಯಗಳ ತಾತ್ಕಾಲಿಕ ಒಪ್ಪಂದಗಳಿಗೂ ಕಾನೂನಿನ ಮಿತಿಯಿದೆ. ಡಾಕ್ಟರೇಟ್‌ಗೆ ಮೊದಲು 6 ವರ್ಷ, ವೈದ್ಯಕೀಯದಲ್ಲಾದರೆ ಅದರ ನಂತರ 9 ವರ್ಷ. ಮಕ್ಕಳನ್ನು ಸಾಕುತ್ತಿರುವವರಿಗೆ ಮಗುವೊಂದಕ್ಕೆ 2 ವರ್ಷ ಹೆಚ್ಚುವರಿ ಅವಕಾಶವಿದೆ. ಅಂಗರಚನಾಶಾಸ್ತ್ರಜ್ಞೆ ಅಡೆಲೆ ಹಾರ್ಟ್‌ಮನ್ ಅವರು 1918ರಲ್ಲಿ ಮ್ಯೂನಿಕ್‌ನಲ್ಲಿ ಈ ಅರ್ಹತೆ ಪಡೆದು, ಜರ್ಮನಿಯಲ್ಲಿ ಹ್ಯಾಬಿಲಿಟೇಶನ್ ಗಳಿಸಿದ ಮೊದಲ ಮಹಿಳೆಯಾದರು. ಅದಾಗಿ ನೂರು ವರ್ಷ ಕಳೆದರೂ ಎಲ್ಲ ವಿಷಯಗಳನ್ನು ಸೇರಿಸಿ ಹೇಳುವುದಾದರೆ ಮಹಿಳೆಯರ ಪಾಲು ಇನ್ನೂ ಅರ್ಧವನ್ನು ಮುಟ್ಟಿಲ್ಲ. ಹಾಗಾಗಿ ಮಹಿಳಾ ವೈದ್ಯರು ಈ ಹೆಚ್ಚುವರಿ ಅವಧಿಯ ಬಗ್ಗೆ ಸಂಕೋಚವಿಲ್ಲದೆ ವಿಚಾರಿಸಬೇಕು.

ಪಾಠ ಹೇಳಿದ ದಾಖಲೆ

ವಿಚಾರಗೋಷ್ಠಿ, ಪ್ರಾಯೋಗಿಕ ತರಗತಿ, ರೋಗಿಯ ಹಾಸಿಗೆಯ ಬಳಿ ನಡೆಯುವ ಪಾಠ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಪ್ರತಿ ಸೆಮಿಸ್ಟರ್ ಮುಗಿದ ಕೂಡಲೇ ತಾಸುಗಳ ವಿವರಕ್ಕೆ ವಿಭಾಗದ ಸಹಿ ಪಡೆದಿಟ್ಟುಕೊಳ್ಳಿ. ಬೋಧನಾ ವಿಧಾನದ ತರಬೇತಿಯನ್ನೂ ಬಹುಪಾಲು ನಿಕಾಯಗಳು ಕೇಳುತ್ತವೆ. ಪ್ರಬಂಧವನ್ನು ಇಂಗ್ಲಿಷಿನಲ್ಲಿ ಸಲ್ಲಿಸಲು ಅನೇಕ ಕಡೆ ಒಪ್ಪಿಗೆಯಿದ್ದರೂ ಪಾಠ ನಡೆಯುವುದು ಜರ್ಮನ್ ಭಾಷೆಯಲ್ಲೇ.

ಅರ್ಜಿಯಿಂದ ಉಪನ್ಯಾಸದವರೆಗೆ

ಅರ್ಜಿ ತಲುಪಿದ ಮೇಲೆ ನಿಕಾಯವು ಒಂದು ಸಮಿತಿಯನ್ನು ನೇಮಿಸಿ, ಪ್ರಬಂಧವನ್ನು ಪರಿಶೀಲಕರಿಗೆ ಕಳುಹಿಸುತ್ತದೆ. ಅವರಲ್ಲಿ ಬೇರೆ ವಿಶ್ವವಿದ್ಯಾಲಯದವರೂ ಇರುತ್ತಾರೆ. ವರದಿಗಳು ಅನುಕೂಲಕರವಾಗಿದ್ದರೆ ಅಭ್ಯರ್ಥಿಯು ನಿಕಾಯದ ಸದಸ್ಯರ ಮುಂದೆ ಉಪನ್ಯಾಸ ನೀಡಿ, ಅವರ ಪ್ರಶ್ನೆಗಳಿಗೆ ಉತ್ತರಿಸಬೇಕು. ಬೇರೆ ಬೇರೆ ವಿಷಯಗಳ ಪ್ರಾಧ್ಯಾಪಕರು ಅಲ್ಲಿ ಕುಳಿತಿರುವುದರಿಂದ, ತನ್ನ ಪರಿಣತಿಯನ್ನು ಹೊರಗಿನವರಿಗೂ ತಿಳಿಯುವಂತೆ ಹೇಳುವುದು ಇಲ್ಲಿನ ನಿಜವಾದ ಪರೀಕ್ಷೆ. ಈ ಪ್ರಕ್ರಿಯೆ ಹಲವು ತಿಂಗಳು, ಕೆಲವೊಮ್ಮೆ ವರ್ಷಕ್ಕೂ ಹೆಚ್ಚು ಕಾಲ ನಡೆಯುತ್ತದೆ. ಉತ್ತೀರ್ಣರಾದವರು ಬೋಧನಾಧಿಕಾರ ಪಡೆದು ‘ಪ್ರಿವಾಟ್‌ಡೊಟ್ಸೆಂಟ್’ ಎಂದು ಕರೆಸಿಕೊಳ್ಳುತ್ತಾರೆ.

ಈ ಬಿರುದಿನಿಂದ ಹುದ್ದೆಯಾಗಲಿ ಸಂಬಳವಾಗಲಿ ತಾನಾಗಿ ಬರುವುದಿಲ್ಲ. ಅದನ್ನು ಉಳಿಸಿಕೊಳ್ಳಲು ಸಾಮಾನ್ಯವಾಗಿ ಸಂಭಾವನೆಯಿಲ್ಲದೆ ಪ್ರತಿ ಸೆಮಿಸ್ಟರಿನಲ್ಲೂ ನಿಗದಿತ ತಾಸುಗಳಷ್ಟು ಪಾಠ ಮಾಡಬೇಕು. ಸಕಾರಣವಿಲ್ಲದೆ ಬೋಧನೆ ನಿಲ್ಲಿಸಿದರೆ ಅಧಿಕಾರವನ್ನು ಹಿಂಪಡೆಯಬಹುದು. ಬೇರೆ ಊರಿನ ಆಸ್ಪತ್ರೆಗೆ ಹೋಗುವವರು ಅಲ್ಲಿನ ನಿಕಾಯಕ್ಕೆ ಅಧಿಕಾರವನ್ನು ವರ್ಗಾಯಿಸಿಕೊಳ್ಳಲು ಪ್ರತ್ಯೇಕ ಅರ್ಜಿ ಹಾಕಬೇಕು. ಹೊಸ ಕೆಲಸದ ಕರಾರಿಗೆ ಸಹಿ ಹಾಕುವ ಮೊದಲೇ ಆ ನಿಕಾಯದ ಕಚೇರಿಯೊಂದಿಗೆ ಈ ಬಗ್ಗೆ ಮಾತಾಡಿಕೊಳ್ಳುವುದು ಕ್ಷೇಮ.