ಅಪಲಾಚಿಯಾದ ಒಂದು ಕಲ್ಲಿದ್ದಲು ಊರನ್ನು ಬೆಂಗಳೂರಿನಲ್ಲೇ ಕೂತು ಓದುವುದು ಹೇಗೆ

ಅಮೆರಿಕದ ಅಪಲಾಚಿಯನ್ ಬೆಟ್ಟಗಳ ಕಂಪನಿ ಊರುಗಳ, ಅಂದರೆ ಗಣಿ ಕಂಪನಿಯೇ ಕಟ್ಟಿ ನಡೆಸಿದ ಊರುಗಳ ಬಗ್ಗೆ ಓದಲು ಕೂತವರು ಜಾಸ್ತಿ ಮಂದಿ ಮೊದಲು ಹೋಗುವುದು ಗುಂಡಿನ ಕಾಳಗಕ್ಕೆ. 1920ರ ಮೇ 19ರಂದು ಪಶ್ಚಿಮ ವರ್ಜೀನಿಯಾ (ವೆಸ್ಟ್ ವರ್ಜೀನಿಯಾ) ರಾಜ್ಯದ ಮೇಟ್‌ವಾನ್ ಊರಿನಲ್ಲಿ ಹತ್ತು ಜನ ಸತ್ತದ್ದು, ಮರುವರ್ಷ ಬ್ಲೇರ್ ಬೆಟ್ಟದ ಮೇಲೆ ಸುಮಾರು ಹತ್ತು ಸಾವಿರ ಗಣಿ ಕೆಲಸಗಾರರು ಬಂದೂಕು ಹಿಡಿದು ನಿಂತದ್ದು. ದೊಡ್ಡ ಘಟನೆಗಳೇ, ಇಲ್ಲ ಅನ್ನುವುದಿಲ್ಲ. ಆದರೆ ಅಲ್ಲಿಂದ ಶುರು ಮಾಡಿದರೆ ಆ ಜನ ಯಾಕೆ ಅಷ್ಟು ರೊಚ್ಚಿಗೆದ್ದರು ಅನ್ನುವುದೇ ಗೊತ್ತಾಗುವುದಿಲ್ಲ. ನನ್ನ ಸಲಹೆ ಇಷ್ಟು: ಮೊದಲು ಸಂಬಳದ ಚೀಟಿ ಓದಿ, ಆಮೇಲೆ ಮನೆಯ ಕರಾರು ಓದಿ, ಬಂದೂಕು ಕೊನೆಗೆ ಬರಲಿ. ಕಥೆ ಬರೆಯುವವರಿಗೆ, ನಾಟಕ ಕಟ್ಟುವವರಿಗೆ, ಶಾಲೆಯಲ್ಲಿ ಚರಿತ್ರೆ ಹೇಳುವವರಿಗೆ ಈ ದಾರಿ ಖಂಡಿತ ಉಪಯೋಗಕ್ಕೆ ಬರುತ್ತದೆ. ವೀಸಾ ಬೇಡ, ದುಡ್ಡೂ ಬೇಡ. ಇಂಟರ್ನೆಟ್ ಇದ್ದರೆ ಸಾಕು, ಸ್ವಲ್ಪ ತಾಳ್ಮೆ ಬೇಕು.

ಮೊದಲನೆಯದು, ಒಂದೇ ಊರು ಹಿಡಿಯಿರಿ. ಇಡೀ ಅಪಲಾಚಿಯಾ ಓದುತ್ತೇನೆ ಅಂತ ಹೊರಟರೆ ಏನೂ ಕೈಗೆ ಸಿಗುವುದಿಲ್ಲ. ಹೊಸಬರಿಗೆ ನಾನು ಹೇಳುವುದು ಕೆಂಟಕಿ ರಾಜ್ಯದ ಹಾರ್ಲನ್ ಕೌಂಟಿಯ ಲಿಂಚ್. ಯು.ಎಸ್. ಸ್ಟೀಲ್‌ನ ಒಂದು ಅಂಗಸಂಸ್ಥೆ 1917ರಿಂದ ಕಟ್ಟಿದ ಊರು ಅದು. ಪಕ್ಕದಲ್ಲೇ ಬೆನ್ಹಮ್ ಇದೆ, ಅದನ್ನು ಕಟ್ಟಿದ್ದು ಇನ್ನೊಂದು ಕಂಪನಿ. ಬೆನ್ಹಮ್‌ನ ಹಳೇ ಕಂಪನಿ ಅಂಗಡಿಯ ಕಟ್ಟಡವೇ ಈಗ ಕೆಂಟಕಿ ಕಲ್ಲಿದ್ದಲು ಗಣಿ ಮ್ಯೂಸಿಯಂ. 2017ರಲ್ಲಿ ಅದರ ಚಾವಣಿ ಮೇಲೆ ಸೋಲಾರ್ ಫಲಕ ಹಾಕಿದರು. ಹೊಳೆ, ಕಾಡು ಇಷ್ಟ ಇರುವವರು ಪಶ್ಚಿಮ ವರ್ಜೀನಿಯಾದ ನಟಲ್‌ಬರ್ಗ್ ಇಲ್ಲವೇ ಕೇಮೂರ್ ಹಿಡಿಯಬಹುದು. ಎರಡೂ ಈಗ ನ್ಯೂ ರಿವರ್ ಗಾರ್ಜ್ ರಾಷ್ಟ್ರೀಯ ಉದ್ಯಾನದೊಳಗೆ ಪಾಳುಬಿದ್ದಿವೆ. ಉದ್ಯಾನದವರೇ ಅವುಗಳ ಚರಿತ್ರೆ ಬರೆದು ಇಟ್ಟಿದ್ದಾರೆ, ಹಾಗಾಗಿ ಹುಡುಕಾಟ ಕಡಿಮೆ.

ಊರು ಗೊತ್ತು ಮಾಡಿಕೊಂಡ ಮೇಲೆ ಅದರ ಹಳೇ ನಕ್ಷೆ ತೆಗೆಯಿರಿ. ಅಮೆರಿಕದ ಭೂಸರ್ವೇಕ್ಷಣೆಯವರ ಟೋಪೋವ್ಯೂ ಅನ್ನುವ ತಾಣದಲ್ಲಿ ನೂರು ವರ್ಷ ಹಿಂದಿನ ಹಾಳೆಗಳೂ ಬಿಟ್ಟಿ ಸಿಗುತ್ತವೆ. ಅದರಲ್ಲಿ ಮೂರು ಗೆರೆ ನೋಡಿ: ಹಳ್ಳ, ರೈಲು, ಮನೆ ಸಾಲು. ಇಕ್ಕಟ್ಟಾದ ಕಣಿವೆಯಲ್ಲಿ ಮೂರೂ ಅಂಟಿಕೊಂಡೇ ಹೋಗುತ್ತವೆ. ರಸ್ತೆ ಇಲ್ಲದ, ಹೆಚ್ಚು ಜನ ಇಲ್ಲದ ಜಾಗಕ್ಕೆ ನೂರಾರು ಕೆಲಸಗಾರರು ಬೇಕಾದಾಗ ಕಂಪನಿಯೇ ಮನೆ ಕಟ್ಟಿತು. ಕಣಿವೆ ಪೂರ್ತಿ ತನ್ನದೇ ಆದ್ದರಿಂದ ಬೇರೆಯವರು ಅಲ್ಲಿ ಒಂದು ಗೂಡಂಗಡಿಯನ್ನೂ ಹಾಕುವ ಹಾಗಿರಲಿಲ್ಲ. 1920ರ ದಶಕದ ಆರಂಭದಲ್ಲಿ ಪಶ್ಚಿಮ ವರ್ಜೀನಿಯಾದ ಗಣಿ ಕೆಲಸಗಾರರಲ್ಲಿ ಹತ್ತಕ್ಕೆ ಎಂಟು ಮಂದಿಯಷ್ಟು ಇದ್ದದ್ದು ಕಂಪನಿ ಮನೆಗಳಲ್ಲೇ. ನಕ್ಷೆಯಲ್ಲಿ ಎತ್ತರದಲ್ಲಿ ಒಂದಷ್ಟು ಬಿಡಿ ಮನೆಗಳು ಕಂಡರೆ ಅವು ಸಾಮಾನ್ಯವಾಗಿ ಮೇಲಧಿಕಾರಿಗಳವು. ಕಪ್ಪು ಜನರಿಗೆ ಒಂದು ಕಡೆ, ಇಟಲಿ, ಹಂಗೆರಿ, ಪೋಲೆಂಡ್‌ಗಳಿಂದ ಬಂದವರಿಗೆ ಒಂದು ಕಡೆ, ಸ್ಥಳೀಯ ಬಿಳಿಯರಿಗೆ ಇನ್ನೊಂದು ಕಡೆ ಅಂತ ಕೇರಿ ಬೇರೆ ಮಾಡುವುದೂ ಸಾಮಾನ್ಯವಾಗಿತ್ತು. ಕೇರಿ ಅಂದರೆ ಏನು ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಈಗ ಸಂಬಳದ ಚೀಟಿ. ಇಲ್ಲಿ ನಿಧಾನ ಮಾಡಿ.

ಹುಡುಕುವಾಗ ಇಂಗ್ಲಿಷಿನಲ್ಲೇ ಹುಡುಕಬೇಕು: ಕೋಲ್ ಕ್ಯಾಂಪ್, ಪೇ ಸ್ಟೇಟ್‌ಮೆಂಟ್, ಕಂಪನಿ ಸ್ಟೋರ್ ಸ್ಕ್ರಿಪ್. ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಪ್ರಾದೇಶಿಕ ಚರಿತ್ರೆ ಕೇಂದ್ರದಂಥ ಸಂಗ್ರಹಗಳಿಂದ ಶುರು ಮಾಡಿ. ಒಂದು ಚೀಟಿ ಸಿಕ್ಕಿತು ಅನ್ನಿ. ಅದರಲ್ಲಿ ಒಂದು ಕಡೆ ಗಳಿಕೆ: ಎಷ್ಟು ಟನ್, ಟನ್ನಿಗೆ ಎಷ್ಟು. ಇನ್ನೊಂದು ಕಡೆ ಕಡಿತ: ಮನೆ ಬಾಡಿಗೆ, ಅಂಗಡಿ ಬಾಕಿ, ಡಾಕ್ಟರಿಗೆ ತಿಂಗಳ ವಂತಿಗೆ, ಒಲೆಗೆ ಬೇಕಾದ ಕಲ್ಲಿದ್ದಲು, ಸಿಡಿಮದ್ದು, ಹತಾರ ಹರಿತ ಮಾಡಿಕೊಟ್ಟ ಕಮ್ಮಾರನ ಖರ್ಚು. ಹೌದು, ಕಂಪನಿಯ ಕಲ್ಲಿದ್ದಲು ಒಡೆಯಲು ಬೇಕಾದ ಮದ್ದನ್ನೂ ಕೆಲಸಗಾರನೇ ಕೊಳ್ಳಬೇಕಿತ್ತು. ಕಾಗದ ಪೆನ್ನು ತೆಗೆದುಕೊಂಡು ನೀವೇ ಲೆಕ್ಕ ಹಾಕಿ. ಕಡಿತವೆಲ್ಲ ಹೋಗಿ ಕೈಗೆ ಎಷ್ಟು ಬಂತು? ಕೆಲವು ಚೀಟಿಗಳಲ್ಲಿ ಏನೂ ಉಳಿದಿರುವುದಿಲ್ಲ. ಸುಮ್ನೆ ಓದಿ ಮುಂದೆ ಹೋದರೆ ಇದು ನಾಟುವುದಿಲ್ಲ, ಕೈಯಾರೆ ಕೂಡಿ ಕಳೆದರೆ ನಾಟುತ್ತದೆ.

ಗಳಿಕೆಯ ಕಡೆಯೂ ನೋಡುವುದು ಬಹಳ ಇದೆ. ಅಗೆದು ತುಂಬುವವನಿಗೆ ದಿನಗೂಲಿ ಅಲ್ಲ, ತುಂಬಿದ್ದಕ್ಕೆ ಕೂಲಿ. ಅವನ ನಂಬರ್ ಕೊರೆದ ಒಂದು ಹಿತ್ತಾಳೆ ಬಿಲ್ಲೆ ಇರುತ್ತಿತ್ತು. ಬಂಡಿಗೆ ಕಲ್ಲಿದ್ದಲು ತುಂಬಿ ಬಿಲ್ಲೆಯನ್ನು ಅದಕ್ಕೆ ಸಿಕ್ಕಿಸಿದರೆ, ಹೊರಗೆ ತೂಕ ಮಾಡುವವನು ಆ ನಂಬರ್ ನೋಡಿ ಲೆಕ್ಕಕ್ಕೆ ಬರೆದುಕೊಳ್ಳುತ್ತಿದ್ದ. ತೂಗುವವನು ಕಂಪನಿಯ ಮನುಷ್ಯ. ಬಂಡಿಯ ಅಂಚಿಗೆ ಹಲಗೆ ಬಡಿದು ಎತ್ತರ ಮಾಡಿ, ಜಾಸ್ತಿ ತುಂಬಿಸಿಕೊಂಡು, ಕೂಲಿ ಮಾತ್ರ ಮೊದಲಿನಷ್ಟೇ ಕೊಡುವುದು ನಡೆಯುತ್ತಿತ್ತು. ಕಲ್ಲು ಬೆರೆತಿದೆ ಅಂತ ಕತ್ತರಿಸುವುದೂ ನಡೆಯುತ್ತಿತ್ತು. 1912ರಲ್ಲಿ ಪೇಂಟ್ ಕ್ರೀಕ್, ಕ್ಯಾಬಿನ್ ಕ್ರೀಕ್ ಕಣಿವೆಗಳಲ್ಲಿ ಮುಷ್ಕರ ಎದ್ದಾಗ ಬೇಡಿಕೆಗಳಲ್ಲಿ ಒಂದು, ತಕ್ಕಡಿಯ ಹತ್ತಿರ ನಮ್ಮ ಮನುಷ್ಯನೂ ಒಬ್ಬ ನಿಲ್ಲಲಿ ಅನ್ನುವುದು. ಎಷ್ಟು ಸಣ್ಣ ಬೇಡಿಕೆ ನೋಡಿ. ಅದಕ್ಕೂ ಹೊಡೆದಾಡಬೇಕಾಯಿತು.

ಚೀಟಿಯಲ್ಲಿ ಕಾಣದೇ ಇರುವುದನ್ನೂ ಓದಬೇಕು. ಹಳಿ ಹಾಕುವುದು, ನೀರು ಹೊರಹಾಕುವುದು, ಬಿದ್ದ ಕಲ್ಲು ತೆಗೆಯುವುದು, ಚಾವಣಿಗೆ ಮರದ ಆಸರೆ ಕೊಡುವುದು, ಇವಕ್ಕೆ ಎಷ್ಟೋ ಕಡೆ ಕೂಲಿಯೇ ಇರಲಿಲ್ಲ. ಕಲ್ಲಿದ್ದಲಿಗೆ ಮಾತ್ರ ದುಡ್ಡು ಅಂದಾಗ ಮನೆಯಲ್ಲಿ ಮಕ್ಕಳಿರುವವನು ಏನು ಮಾಡುತ್ತಾನೆ? ಇನ್ನೊಂದು ಬಂಡಿ ತುಂಬಿಬಿಡೋಣ, ಆಸರೆ ಆಮೇಲೆ ಕೊಟ್ಟರಾಯಿತು ಅಂದುಕೊಳ್ಳುತ್ತಾನೆ. 1907ರ ಡಿಸೆಂಬರ್ 6ರ ಪಶ್ಚಿಮ ವರ್ಜೀನಿಯಾದ ಮೊನೊಂಗಾ ಗಣಿಯ ಸ್ಫೋಟ ದೊಡ್ಡ ಸುದ್ದಿಯಾಯಿತು, ಸರ್ಕಾರಿ ಲೆಕ್ಕದಲ್ಲೇ 362 ಜನ ಹೋದರು. ಆದರೆ ವರ್ಷಾನುಗಟ್ಟಲೆ ಒಬ್ಬೊಬ್ಬರಾಗಿ, ಇಬ್ಬಿಬ್ಬರಾಗಿ ಚಾವಣಿ ಕುಸಿದು ಸತ್ತವರು ಸ್ಫೋಟಗಳಲ್ಲಿ ಸತ್ತವರಿಗಿಂತ ಹೆಚ್ಚು. ಅವರ ಸಾವಿಗೆ ಒಂದು ಕಾರಣ ಈ ಚೀಟಿಯ ಲೆಕ್ಕದಲ್ಲೇ ಇದೆ ಅಂತ ನಾನು ನಂಬಿದ್ದೇನೆ.

ಸ್ಕ್ರಿಪ್, ಅಂದರೆ ಕಂಪನಿಯೇ ಅಚ್ಚು ಹಾಕಿಸಿದ ನಾಣ್ಯ, ಅದರ ವಿಷಯಕ್ಕೆ ಬರೋಣ. ಹಿತ್ತಾಳೆಯ ಇಲ್ಲವೇ ಬೇರೆ ಲೋಹದ ಸಣ್ಣ ಬಿಲ್ಲೆ, ಮೇಲೆ ಕಂಪನಿ ಹೆಸರು, ಊರ ಹೆಸರು, ಐದು ಸೆಂಟು, ಇಪ್ಪತ್ತೈದು ಸೆಂಟು ಅಂತ ಅಂಕಿ, ಎಷ್ಟೋ ಸಲ ನಡುವೆ ಒಂದು ತೂತು. ಬೇರೆಯವರಿಗೆ ವರ್ಗಾಯಿಸುವಂತಿಲ್ಲ ಅನ್ನುವ ಮಾತು ಕೆಲವದರ ಮೇಲೆ ಅಚ್ಚಾಗಿದೆ. ದೊಡ್ಡದಾಗಿ ತೆಗೆದ ಫೋಟೋಗಳು ಬೇಕಾದಷ್ಟು ಸಿಗುತ್ತವೆ, ಸವೆದ ಅಂಚು ಕೂಡ ಕಾಣುತ್ತದೆ. ಆಫೀಸಿನವರು ಕೊಡುವ ಊಟದ ಕೂಪನ್ ಥರ ಅಂದುಕೊಳ್ಳಬೇಡಿ. ಕೂಪನ್ ಸಂಬಳದ ಜೊತೆಗೆ ಬರುತ್ತದೆ. ಇದು ದುಡಿದಾಗಿ ಇನ್ನೂ ಕೈಗೆ ಬರದ ಸಂಬಳದ ಮೇಲೆ ತೆಗೆದುಕೊಳ್ಳುವ ಮುಂಗಡ, ಅದೂ ಕಂಪನಿ ಅಂಗಡಿಯಲ್ಲಿ ಮಾತ್ರ ನಡೆಯುವಂಥದ್ದು. ನಗದು ಬೇಕೆಂದರೆ ಮುಖಬೆಲೆಗಿಂತ ಕಡಿಮೆಗೆ ಮಾರಬೇಕಿತ್ತು. ಹಾಗಂತ ಪ್ರತಿ ಅಂಗಡಿಯೂ ದುಪ್ಪಟ್ಟು ಬೆಲೆ ಹಾಕುತ್ತಿತ್ತು ಅಂತ ಬರೆದುಬಿಡಬೇಡಿ. ಈ ಬಗ್ಗೆ ಅರ್ಥಶಾಸ್ತ್ರದವರಲ್ಲೇ ವಾದ ಇದೆ. ಹತ್ತಿರದ ಗಣಿಗಳು ಕೆಲಸಗಾರರಿಗಾಗಿ ಪೈಪೋಟಿ ಮಾಡುತ್ತಿದ್ದ ಕಡೆ ಬೆಲೆ ತೀರಾ ಏರಿಸಲು ಆಗುತ್ತಿರಲಿಲ್ಲ ಅನ್ನುವವರು ಇದ್ದಾರೆ. ನಿಮ್ಮ ಊರಿನ ಅಂಗಡಿಯ ದರ ಸಿಕ್ಕರೆ ಅದನ್ನೇ ನೋಡಿ ಹೇಳಿ.

ಮನೆಯ ಕರಾರು ಒಂದೆರಡು ಹಾಳೆ ಇರುತ್ತದೆ, ಆದರೆ ಊರಿನ ಜೀವವೇ ಅದರಲ್ಲಿದೆ. ಕೆಲಸ ಇರುವವರೆಗೆ ಮನೆ, ಕೆಲಸ ಹೋದರೆ ಮನೆಯೂ ಹೋಯಿತು. ಪಶ್ಚಿಮ ವರ್ಜೀನಿಯಾದ ನ್ಯಾಯಾಲಯಗಳು ಇದನ್ನು ಮನೆಮಾಲೀಕ ಮತ್ತು ಬಾಡಿಗೆದಾರನ ಸಂಬಂಧ ಅಂತ ನೋಡಲಿಲ್ಲ, ಒಡೆಯ ಮತ್ತು ಆಳಿನ ಸಂಬಂಧ ಅಂತ ನೋಡಿದವು. ಅಂದರೆ ಬಾಡಿಗೆದಾರನಿಗೆ ಕಾನೂನು ಕೊಡುವ ರಕ್ಷಣೆ ಅವನಿಗೆ ಇಲ್ಲ. ಕಾರ್ಮಿಕ ಸಂಘ ಸೇರಿದವನ ಸಾಮಾನು ಬೀದಿಗೆ ಬೀಳುತ್ತಿತ್ತು. ಮೇಟ್‌ವಾನ್‌ಗೆ ಈಗ ವಾಪಸ್ ಬನ್ನಿ. ಆ ದಿನ ಬಾಲ್ಡ್‌ವಿನ್-ಫೆಲ್ಟ್ಸ್ ಅನ್ನುವ ಖಾಸಗಿ ಏಜೆನ್ಸಿಯ ಪತ್ತೇದಾರರು ಕಂಪನಿಯ ಪರವಾಗಿ ಬಂದದ್ದೇ ಸಂಘ ಸೇರಿದವರನ್ನು ಕಂಪನಿ ಮನೆಗಳಿಂದ ಹೊರಹಾಕುವುದಕ್ಕೆ. ಹೆಂಗಸರು, ಮಕ್ಕಳು, ಮಂಚ, ಪಾತ್ರೆ ಎಲ್ಲ ಹೊರಗೆ. ಊರಿನ ಪೊಲೀಸ್ ಮುಖ್ಯಸ್ಥ ಸಿಡ್ ಹ್ಯಾಟ್‌ಫೀಲ್ಡ್ ಅವರನ್ನು ತಡೆದ. ಸಂಜೆ ಅವರು ರೈಲು ಹಿಡಿಯುವ ಮುಂಚೆ ಗುಂಡು ಹಾರಿತು. ಏಳು ಪತ್ತೇದಾರರು, ಇಬ್ಬರು ಗಣಿ ಕೆಲಸಗಾರರು, ಊರ ಮೇಯರ್ ಸತ್ತರು. 1921ರ ಆಗಸ್ಟ್ 1ರಂದು ವೆಲ್ಚ್ ಊರಿನ ನ್ಯಾಯಾಲಯದ ಮೆಟ್ಟಿಲ ಮೇಲೆ ಅದೇ ಏಜೆನ್ಸಿಯವರು ಹ್ಯಾಟ್‌ಫೀಲ್ಡ್‌ನನ್ನು ಕೊಂದರು, ಅದೇ ತಿಂಗಳ ಕೊನೆಗೆ ಬ್ಲೇರ್ ಬೆಟ್ಟದ ಕಾಳಗ. ಕರಾರು ಓದಿ ಬಂದವರಿಗೆ ಇದನ್ನೆಲ್ಲ ವಿವರಿಸಬೇಕಾಗಿಲ್ಲ.

ಜನಗಣತಿ ಹಾಳೆಗಳನ್ನೂ ಬಿಡಬೇಡಿ. 1930ರ ಗಣತಿಯಲ್ಲಿ ಮನೆ ಸ್ವಂತದ್ದೋ ಬಾಡಿಗೆಯದ್ದೋ, ಬಾಡಿಗೆ ಎಷ್ಟು, ರೇಡಿಯೋ ಇದೆಯೋ ಇಲ್ಲವೋ, ಎಲ್ಲಿ ಹುಟ್ಟಿದ್ದು ಅನ್ನುವ ಕಾಲಂಗಳಿವೆ. ಕಂಪನಿ ಊರಿನ ಹಾಳೆಯಲ್ಲಿ ಬಾಡಿಗೆ ಅನ್ನುವ ಗುರುತು ಮೇಲಿಂದ ಕೆಳಗಿನವರೆಗೆ ಇಳಿದಿರುತ್ತದೆ. ಒಂದೇ ಮನೆಯಲ್ಲಿ ಗಂಡ, ಹೆಂಡತಿ, ಮಕ್ಕಳ ಕೆಳಗೆ ನಾಲ್ಕೈದು ಬೇರೆ ಬೇರೆ ಹೆಸರಿನ ಗಂಡಸರು ಬೋರ್ಡರ್ (ದುಡ್ಡು ಕೊಟ್ಟು ಉಂಡು ಮಲಗುವವರು) ಅಂತ ಇದ್ದರೆ ಅಲ್ಲಿ ನಿಲ್ಲಿ. ಅಷ್ಟೂ ಜನಕ್ಕೆ ಅಡುಗೆ ಮಾಡಿ, ಮಸಿ ಬಟ್ಟೆ ಒಗೆದು, ಸ್ನಾನಕ್ಕೆ ನೀರು ಕಾಯಿಸಿದ ಆ ಹೆಂಗಸಿನ ಹೆಸರಿನ ಮುಂದೆ ಉದ್ಯೋಗದ ಜಾಗದಲ್ಲಿ ‘ಇಲ್ಲ’ ಅಂತ ಇರುವುದು ಸಾಮಾನ್ಯ.

ಫೋಟೋಗಳಿಗೆ ಎರಡು ಕಡೆ ಹೋಗಿ. ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಲೂಯಿಸ್ ಹೈನ್ 1908ರಲ್ಲಿ ಪಶ್ಚಿಮ ವರ್ಜೀನಿಯಾದಲ್ಲಿ ತೆಗೆದ ಗಣಿ ಹುಡುಗರ ಚಿತ್ರಗಳಿವೆ. ಕತ್ತಲಲ್ಲಿ ಕೂತು ಬಂಡಿ ಬಂದಾಗ ಬಾಗಿಲು ತೆಗೆದು ಮುಚ್ಚುವುದೇ ಕೆಲಸವಾಗಿದ್ದ ಹುಡುಗರೂ ಅದರಲ್ಲಿದ್ದಾರೆ. ನ್ಯಾಷನಲ್ ಆರ್ಕೈವ್ಸ್‌ನಲ್ಲಿ ರಸೆಲ್ ಲೀ 1946ರಲ್ಲಿ ಸರ್ಕಾರದ ವೈದ್ಯಕೀಯ ಸಮೀಕ್ಷೆಗಾಗಿ ತೆಗೆದ ಚಿತ್ರಗಳಿವೆ. ನನಗೆ ಇವು ಇನ್ನೂ ಇಷ್ಟ. ಅಡಿಬರಹಗಳಲ್ಲಿ ಎಷ್ಟೋ ಕಡೆ ಎಷ್ಟು ಕೋಣೆ, ಎಷ್ಟು ಜನ, ಬಾಡಿಗೆ ಎಷ್ಟು, ನೀರು ಎಲ್ಲಿಂದ ಅಂತ ಬರೆದಿದೆ. ಮೊದಲು ಚಿತ್ರ ಮಾತ್ರ ನೋಡಿ ಏನು ಕಂಡಿತು ಅಂತ ಬರೆದಿಟ್ಟುಕೊಳ್ಳಿ, ಆಮೇಲೆ ಅಡಿಬರಹ ಓದಿ.

ಇಷ್ಟಾದ ಮೇಲೆ ಜನರ ದನಿ ಕೇಳಿ. ಕೆಂಟಕಿ ವಿಶ್ವವಿದ್ಯಾಲಯದ ನನ್ ಮೌಖಿಕ ಚರಿತ್ರೆ ಕೇಂದ್ರದಲ್ಲಿ ಸಂದರ್ಶನಗಳ ದೊಡ್ಡ ಸಂಗ್ರಹ ಇದೆ. ಉಚ್ಚಾರ ಶುರುವಿನಲ್ಲಿ ಕಷ್ಟ, ಬರಹರೂಪ ಇದ್ದರೆ ಪಕ್ಕದಲ್ಲಿಟ್ಟುಕೊಳ್ಳಿ. ಇಲ್ಲಿ ಒಂದು ವಿಷಯ ಎದುರಾಗುತ್ತದೆ, ತಯಾರಾಗಿರಿ. ಆ ಊರುಗಳಲ್ಲಿ ಬೆಳೆದ ಎಷ್ಟೋ ಹಿರಿಯರು ಪ್ರೀತಿಯಿಂದ ಮಾತಾಡುತ್ತಾರೆ. ಬೇಸ್‌ಬಾಲ್ ತಂಡ, ಒಳ್ಳೇ ಶಾಲೆ, ಹಿತ್ತಲಿನ ತರಕಾರಿ, ಬೀಗ ಹಾಕದ ಬಾಗಿಲು. ಲಿಂಚ್, ಬೆನ್ಹಮ್ ಬಿಟ್ಟು ಉತ್ತರದ ನಗರಗಳಿಗೆ ಹೋದ ಕಪ್ಪು ಕುಟುಂಬಗಳವರು ಈಸ್ಟರ್ನ್ ಕೆಂಟಕಿ ಸೋಶಿಯಲ್ ಕ್ಲಬ್ ಅಂತ ಕಟ್ಟಿಕೊಂಡು ವರ್ಷ ವರ್ಷ ಸೇರುತ್ತಾ ಬಂದಿದ್ದಾರೆ. ಅವರಿಗೆ ಶೋಷಣೆ ಅರ್ಥವಾಗಿಲ್ಲ ಅಂತ ತೀರ್ಪು ಕೊಡಬೇಡಿ. ಅವರು ಪ್ರೀತಿಸುವುದು ನೆರೆಹೊರೆಯನ್ನು, ಚೀಟಿಯನ್ನಲ್ಲ. ಎರಡನ್ನೂ ಬರೆಯಿರಿ, ಒಂದನ್ನು ಇನ್ನೊಂದಕ್ಕಾಗಿ ಅಳಿಸಬೇಡಿ.

ಇಮೇಲ್ ಬರೆಯಲು ಹಿಂಜರಿಯಬೇಡಿ. ಮೇಟ್‌ವಾನ್‌ನ ಗಣಿ ಕದನಗಳ ಮ್ಯೂಸಿಯಂನಂಥ ಸಣ್ಣ ಸಂಸ್ಥೆಗಳಿಗೆ ಬರೆಯುವಾಗ ಯಾವ ಊರು, ಯಾವ ವರ್ಷ, ಏನು ಬೇಕು ಅಂತ ಮೂರು ಸಾಲು ಸಾಕು. ನಾವು ಅವರಿಗಿಂತ ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಮುಂದೆ. ಫೋನ್ ಮಾಡುವುದಿದ್ದರೆ ಇಲ್ಲಿ ರಾತ್ರಿ ಎಂಟರ ಮೇಲೆ ಮಾಡಿ.

ಕೊನೆಯದಾಗಿ ಇಲ್ಲಿಯ ಕೆಲಸ. ಕೋಲಾರದ ಚಿನ್ನದ ಗಣಿ ನಮ್ಮಿಂದ ನೂರು ಕಿಲೋಮೀಟರ್. 1880ರ ದಶಕದಿಂದ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ನಡೆಸಿದ್ದು, 1956ರಲ್ಲಿ ಸರ್ಕಾರದ ಕೈಗೆ ಬಂದದ್ದು, 2001ರಲ್ಲಿ ಮುಚ್ಚಿದ್ದು. ಅಲ್ಲಿನ ಜನ ಈಗಲೂ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಬರುತ್ತಾರೆ, ಎಷ್ಟೋ ಮನೆಗಳವರು ಇಲ್ಲೇ ನೆಲೆಸಿದ್ದಾರೆ. ಚಿನ್ನ ಬೇರೆ, ಕಲ್ಲಿದ್ದಲು ಬೇರೆ, ಕಾನೂನೂ ಬೇರೆ. ಎರಡನ್ನೂ ಒಂದೇ ಅಂತ ಮಾಡಬೇಡಿ. ಆದರೆ ಲಿಂಚ್ ಓದಿ ಬಂದವರಿಗೆ ಕೇಳಬೇಕಾದ ಪ್ರಶ್ನೆ ಗೊತ್ತಿರುತ್ತದೆ. ಕೋಲಾರ ಗಣಿಯ ಕೆಲಸಗಾರರ ಲೈನ್ ಮನೆಯಲ್ಲಿ ಬೆಳೆದ ಅಜ್ಜ ಅಜ್ಜಿಯರ ಹತ್ತಿರ ಹೋಗಿ ಗಣಿ ಎಷ್ಟು ಆಳ ಇತ್ತು ಅಂತ ಕೇಳಬೇಡಿ, ಅದು ಎಲ್ಲಾ ಕಡೆ ಬರೆದಿದೆ. ಸಂಬಳದಲ್ಲಿ ಏನೇನು ಹಿಡಿಯುತ್ತಿದ್ದರು, ನೀರು ಎಲ್ಲಿಂದ ತರುತ್ತಿದ್ದಿರಿ, ಅಪ್ಪ ತೀರಿಕೊಂಡ ಮೇಲೆ ಮನೆ ಏನಾಯಿತು, ಕೆಮ್ಮು ಬಂದವರನ್ನು ಯಾವ ಡಾಕ್ಟರ್ ನೋಡುತ್ತಿದ್ದರು ಅಂತ ಕೇಳಿ. ತಮಿಳಿನಲ್ಲಿ ಮಾತಾಡಿದರೆ ತಮಿಳಿನಲ್ಲೇ ರೆಕಾರ್ಡ್ ಮಾಡಿ, ಕನ್ನಡ ಆಮೇಲೆ ಮಾಡಿಕೊಳ್ಳಬಹುದು. ಹಳೇ ಚೀಟಿ ತೋರಿಸಿದರೆ ಅಲ್ಲೇ ಬೆಳಕಿನಲ್ಲಿಟ್ಟು ಎರಡೂ ಮಗ್ಗುಲು ಫೋಟೋ ತೆಗೆದುಕೊಳ್ಳಿ, ಮೂಲ ಅವರ ಹತ್ತಿರವೇ ಇರಲಿ. ರೆಕಾರ್ಡಿಂಗಿನ ಒಂದು ಪ್ರತಿಯನ್ನು ಅದೇ ವಾರ ಅವರ ಮನೆಯವರ ಫೋನಿಗೆ ಕಳಿಸಿ.