ಒಂದೇ ಬೈಗುಳಕ್ಕೆ ಎರಡು ತೀರ್ಪು: ಆಟಗಾರರ ನಾಲಿಗೆ, ಕೋಚ್‌ಗಳ ಪ್ರಶ್ನೆ ಮತ್ತು ಬಾಸ್ಕೆಟ್‌ಬಾಲ್ ರೆಫರಿ

ಸುಲಭದ ಲೇಅಪ್ (ಬುಟ್ಟಿಯ ತೀರ ಹತ್ತಿರದಿಂದ ಹಾಕುವ ಚೆಂಡು) ಒಂದನ್ನು ತಪ್ಪಿಸಿಕೊಂಡ ಹುಡುಗ ತಲೆ ತಗ್ಗಿಸಿ, ತನ್ನಷ್ಟಕ್ಕೆ ತುಳುವಿನಲ್ಲಿ ಒಂದು ಹೊಲಸು ಶಬ್ದ ಹೇಳಿಕೊಂಡು ಡಿಫೆನ್ಸಿಗೆ ಓಡುತ್ತಾನೆ. ಹತ್ತು ನಿಮಿಷ ಕಳೆದ ಮೇಲೆ ಅದೇ ಹುಡುಗ, ತನ್ನ ಕೈಗೆ ಹೊಡೆದ ಎದುರಾಳಿಯ ಎದುರಿಗೆ ಹೋಗಿ ನಿಂತು, ಅದೇ ಶಬ್ದವನ್ನು ಅವನ ಮುಖಕ್ಕೆ ಹೇಳುತ್ತಾನೆ. ಮೊದಲನೆಯದಕ್ಕೆ ರೆಫರಿಯ ಒಂದು ನೋಟ ಸಾಕು. ಎರಡನೆಯದಕ್ಕೆ ವಿಸಿಲ್ ಊದಲೇಬೇಕು. ಈ ವ್ಯತ್ಯಾಸವನ್ನು ಓಡುತ್ತಿರುವ ಆಟದ ನಡುವೆ, ಅರೆಕ್ಷಣದಲ್ಲಿ ಗುರುತಿಸುವುದು ಹೇಗೆ ಎಂಬುದನ್ನು ಮಂಗಳೂರು, ಉಡುಪಿ ಕಡೆಯ ಶಾಲಾ ಕಾಲೇಜು ಪಂದ್ಯಗಳಲ್ಲಿ ಹೊಸದಾಗಿ ವಿಸಿಲ್ ಹಿಡಿಯುತ್ತಿರುವವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಕೋಚ್‌ಗಳ ಜತೆಗಿನ ಮಾತುಕತೆಯೂ ಇದರ ಜತೆಗೇ ಬರುತ್ತದೆ, ಏಕೆಂದರೆ ಬೆಂಚಿನ ನಾಲಿಗೆ ಸಡಿಲವಾದ ಕಡೆ ಅಂಕಣದ ನಾಲಿಗೆ ಬಿಗಿಯಾಗಿ ಉಳಿದದ್ದನ್ನು ನಾನು ಕಂಡಿಲ್ಲ.

ನಾವು ಪಾಲಿಸುವ ಫಿಬಾ (ಅಂತಾರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟ) ನಿಯಮಗಳಲ್ಲಿ ನಿಷೇಧಿತ ಶಬ್ದಗಳ ಪಟ್ಟಿ ಎಂಬುದಿಲ್ಲ. ರೆಫರಿಗಳೊಂದಿಗೆ, ಅಂಕ ಮತ್ತು ಸಮಯ ನೋಡಿಕೊಳ್ಳುವ ಟೇಬಲ್ ಅಧಿಕಾರಿಗಳೊಂದಿಗೆ ಅಥವಾ ಎದುರಾಳಿಗಳೊಂದಿಗೆ ಅಗೌರವದಿಂದ ವರ್ತಿಸುವುದು, ಪ್ರೇಕ್ಷಕರನ್ನು ನೋಯಿಸುವ ಅಥವಾ ಕೆರಳಿಸುವಂಥ ಮಾತನ್ನೋ ಸನ್ನೆಯನ್ನೋ ಬಳಸುವುದು, ಎದುರಾಳಿಯನ್ನು ಹೀಯಾಳಿಸಿ ಕೆಣಕುವುದು, ಕೊಟ್ಟ ಎಚ್ಚರಿಕೆಯನ್ನು ಲೆಕ್ಕಿಸದಿರುವುದು ಇವು ಮೈ ತಾಗದೆ, ವರ್ತನೆಯಿಂದ ಆಗುವ ತಪ್ಪಾದ ಟೆಕ್ನಿಕಲ್ ಫೌಲ್‌ಗೆ ಕಾರಣಗಳು. ಹಾಗಾಗಿ ನಿಯಮ ನಮ್ಮನ್ನು ಕೇಳುವುದು ಯಾವ ಶಬ್ದ ಬಂತು ಎಂದಲ್ಲ. ಅದು ಯಾರ ಮೇಲೆ ಬಿತ್ತು, ಯಾರ ಕಿವಿಗೆ ಮುಟ್ಟಿತು ಎಂದು. ನಾನು ಮನಸ್ಸಿನಲ್ಲಿ ಮೂರು ಪ್ರಶ್ನೆ ಇಟ್ಟುಕೊಳ್ಳುತ್ತೇನೆ: ಮಾತಿಗೆ ಗುರಿಯಾದ ಮನುಷ್ಯ ಯಾರಾದರೂ ಇದ್ದಾರೆಯೇ, ನನ್ನೊಬ್ಬನಿಗೆ ಕೇಳಿಸಿತೋ ಇಡೀ ಗ್ಯಾಲರಿಗೆ ಕೇಳಿಸಿತೋ, ಇದು ಮೊದಲ ಸಲವೋ ಮೂರನೆಯ ಸಲವೋ. ತನ್ನನ್ನೇ ಬೈದುಕೊಂಡ ಹುಡುಗನ ಪಕ್ಕಕ್ಕೆ ಹೋಗಿ, ಮುಂದಿನ ಸತ್ತ ಚೆಂಡಿನ ಹೊತ್ತಿಗೆ (ಆಟ ನಿಂತಿರುವಾಗ), “ನಾಲಿಗೆ ನೋಡಿಕೊಳ್ಳಿ, ಚಿಕ್ಕ ಮಕ್ಕಳು ಕೂತಿದ್ದಾರೆ” ಎಂದು ಅವನೊಬ್ಬನಿಗೇ ಕೇಳುವಂತೆ ಹೇಳಿದರೆ ಹತ್ತರಲ್ಲಿ ಒಂಬತ್ತು ಸಲ ಅವನೇ “ಸಾರಿ ಸರ್” ಎನ್ನುತ್ತಾನೆ. ಅದೇ ಶಬ್ದವನ್ನು ಅವನು ಗ್ಯಾಲರಿಯ ಕೊನೆಯ ಸಾಲಿಗೆ ಕೇಳುವಷ್ಟು ಗಟ್ಟಿಯಾಗಿ ಕೂಗಿದ್ದರೆ, ತನ್ನನ್ನೇ ಬೈದುಕೊಂಡೆ ಎಂಬ ಸಮಜಾಯಿಷಿ ನಿಲ್ಲುವುದಿಲ್ಲ.

ನಮ್ಮ ಜಿಲ್ಲೆಗಳಲ್ಲಿ ಇದಕ್ಕೆ ಇನ್ನೊಂದು ತೊಡಕಿದೆ. ಒಂದೇ ತಂಡದ ಐದು ಹುಡುಗರು ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ, ಮಲಯಾಳ, ಕುಂದಾಪುರ ಕನ್ನಡ ಹೀಗೆ ಐದು ನುಡಿಗಳನ್ನು ಆಡುವವರಾಗಿರಬಹುದು. “ದಾದ ಮಾರಾಯ ಉಂದು” (ಏನು ಮಾರಾಯ ಇದು) ಎಂದು ಆಟಗಾರ ಕೈ ಚೆಲ್ಲಿದರೆ, ಅದು ಅಗೌರವವೂ ಅಲ್ಲ, ಬೈಗುಳವೂ ಅಲ್ಲ. ಕರಾವಳಿಯಲ್ಲಿ ಮಳೆ ಬಂದರೂ ಬಸ್ಸು ತಪ್ಪಿದರೂ ಬರುವ ಮಾತು ಅದು. ಘಟ್ಟದ ಮೇಲಿನಿಂದ ಬಂದ ರೆಫರಿಯೊಬ್ಬರು ‘ಮಾರಾಯ’ ಎಂಬುದನ್ನು ಬೈಗುಳವೆಂದು ತಿಳಿದು ಟೆಕ್ನಿಕಲ್ ಕೊಡಲು ಕೈ ಎತ್ತಿದ್ದನ್ನು ನಾನು ನೋಡಿದ್ದೇನೆ; ಪುಣ್ಯಕ್ಕೆ ಜತೆಯ ರೆಫರಿ ಓಡಿ ಬಂದು ಅರ್ಥ ಹೇಳಿದರು. ಇದಕ್ಕೆ ವಿರುದ್ಧವಾದದ್ದೂ ನಡೆಯುತ್ತದೆ: ರೆಫರಿಗೆ ತುಳು ಬಾರದೆಂದು ಗೊತ್ತಾದ ಕೂಡಲೇ ಕೆಲವರು ಅತಿ ಕೊಳಕು ಮಾತನ್ನು ನಗುನಗುತ್ತಾ ಆಡುತ್ತಾರೆ. ಆದ್ದರಿಂದ ಹೊರ ಊರಿನವರು ಪಂದ್ಯಕ್ಕೆ ಮೊದಲೇ ಸ್ಥಳೀಯ ಸಹೋದ್ಯೋಗಿಯ ಬಳಿ ಕೂತು, ಇಲ್ಲಿ ಯಾವುದು ಉದ್ಗಾರ, ಯಾವುದು ಬೈಗುಳ, ತುಳುವಿನ ‘ಈ’ (ನೀನು) ಮತ್ತು ‘ಈರ್’ (ಗೌರವದ ನೀವು) ನಡುವಿನ ಏಕವಚನ ಬಹುವಚನದ ಅಂತರ ಎಷ್ಟು ಎಂದು ಕೇಳಿ ತಿಳಿದುಕೊಳ್ಳಬೇಕು. ಭಾಷೆ ತಿಳಿಯದಿದ್ದರೂ ಎದುರಾಳಿಯ ಮುಖ ನೋಡಿದರೆ ಮಾತು ಎಲ್ಲಿ ತಾಗಿತು ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ. ಆದರೆ ಕೇಳಿಸದ್ದನ್ನು, ಅರ್ಥವಾಗದ್ದನ್ನು ಊಹಿಸಿ ಫೌಲ್ ಕೊಡಬೇಡಿ. ಸಹ ರೆಫರಿಗೆ ಕೇಳಿಸಿದ್ದರೆ ಫೌಲ್ ಅವರದ್ದು.

ಎಚ್ಚರಿಕೆ ಕೊಡುವುದಕ್ಕೂ ಕ್ರಮವಿದೆ, ಇದನ್ನು ಅನೇಕರು ಅರ್ಧಕ್ಕೇ ಬಿಡುತ್ತಾರೆ. ಚೆಂಡು ಸತ್ತು ಗಡಿಯಾರ ನಿಂತಿರುವಾಗ ಮಾತ್ರ ಎಚ್ಚರಿಕೆ ಕೊಡಬೇಕು. ಆಟಗಾರನಿಗೆ ಹೇಳಿದ್ದನ್ನು ಅವನ ಮುಖ್ಯ ಕೋಚ್‌ಗೂ ತಿಳಿಸಬೇಕು. ಹಾಗೆ ತಿಳಿಸಿದ ಎಚ್ಚರಿಕೆ ಆ ತಂಡದ ಎಲ್ಲರಿಗೂ, ಅಂಥದೇ ವರ್ತನೆಗೆ, ಪಂದ್ಯ ಮುಗಿಯುವವರೆಗೂ ಅನ್ವಯಿಸುತ್ತದೆ. ಕೋಚ್‌ಗೆ ತಿಳಿಸದೆ ಆಟಗಾರನ ಕಿವಿಯಲ್ಲಿ ಮಾತ್ರ ಹೇಳಿ, ಆಮೇಲೆ ಅದೇ ತಂಡದ ಇನ್ನೊಬ್ಬನಿಗೆ ಟೆಕ್ನಿಕಲ್ ಕೊಟ್ಟರೆ, “ನಮಗೆ ಯಾರು ಹೇಳಿದ್ದರು ಸರ್?” ಎಂಬ ಪ್ರಶ್ನೆಗೆ ನಿಮ್ಮಲ್ಲಿ ಉತ್ತರ ಇರುವುದಿಲ್ಲ.

ಎಚ್ಚರಿಕೆಯ ಮಿತಿ ದಾಟಿದಾಗ ಮಾಡಬೇಕಾದದ್ದನ್ನು ಹಂತ ಹಂತವಾಗಿ ಹೇಳುತ್ತೇನೆ. ವಿಸಿಲ್ ಒಂದೇ ಸಲ, ಉಳಿದ ಫೌಲ್‌ಗಳಿಗೆ ಊದುವಷ್ಟೇ ಜೋರಿನಲ್ಲಿ ಊದಿ. ಎರಡು ಅಂಗೈ ಸೇರಿಸಿ ‘ಟಿ’ ಆಕಾರ ತೋರಿಸುವಾಗ ಅದನ್ನು ಆಟಗಾರನ ಮೂಗಿನ ಕೆಳಗೆ ಹಿಡಿಯಬೇಡಿ. ಎದೆಯ ಮುಂದೆ, ನಿಧಾನವಾಗಿ ತೋರಿಸಿ, ಕೂಡಲೇ ಅವನಿಂದ ದೂರ ಸರಿದು ಟೇಬಲ್ ಕಡೆ ನಡೆಯಿರಿ. ಇಲ್ಲಿ ಸಹ ರೆಫರಿಯ ಕೆಲಸ ದೊಡ್ಡದು: ಅವರು ನಿಮ್ಮ ಬೆನ್ನ ಹಿಂದೆ, ನಿಮಗೂ ಆಟಗಾರನಿಗೂ ನಡುವೆ ಬಂದು ನಿಂತು, ಅವನ ತಂಡದ ನಾಯಕನನ್ನು ಕರೆದು ಅವನನ್ನು ಸಮಾಧಾನಪಡಿಸಲು ಹೇಳಬೇಕು. ಟೇಬಲ್‌ನಲ್ಲಿ ಆಟಗಾರನ ಸಂಖ್ಯೆ ಹೇಳಿ. ಸ್ಕೋರ್‌ಶೀಟ್‌ನಲ್ಲಿ ಅವನ ಹೆಸರಿನೆದುರು ‘ಟಿ’ ಬೀಳುತ್ತದೆ, ಅದು, ಮುಗಿದರೆ ಆಟಗಾರ ಹೊರಹೋಗಬೇಕಾದ ಅವನ ಐದು ಫೌಲ್‌ಗಳ ಲೆಕ್ಕಕ್ಕೂ ಆ ಕ್ವಾರ್ಟರ್‌ನ ತಂಡದ ಫೌಲ್ ಲೆಕ್ಕಕ್ಕೂ ಸೇರುತ್ತದೆ. ಎದುರು ತಂಡದ ಯಾವ ಆಟಗಾರ ಬೇಕಾದರೂ 1 ಫ್ರೀ ಥ್ರೋ (ಯಾರ ಅಡ್ಡಿಯೂ ಇಲ್ಲದೆ ಬುಟ್ಟಿಗೆ ಹಾಕುವ ಎಸೆತ) ಹಾಕಬಹುದು, ಅದಕ್ಕೆ ಉಳಿದವರು ಸಾಲುಗಟ್ಟಿ ನಿಲ್ಲುವುದಿಲ್ಲ, ಮತ್ತು ಅದು ಮುಗಿದ ಮೇಲೆ ಆಟ ನಿಂತಾಗ ಚೆಂಡು ಯಾರ ಕೈಯಲ್ಲಿತ್ತೋ ಅಥವಾ ಯಾರಿಗೆ ಸಲ್ಲಬೇಕಿತ್ತೋ ಅವರಿಗೇ ಚೆಂಡು ಮರಳುತ್ತದೆ. ಒಂದೇ ಆಟಗಾರನಿಗೆ ಎರಡು ಟೆಕ್ನಿಕಲ್ ಆದರೆ, ಅಥವಾ ಒಂದು ಟೆಕ್ನಿಕಲ್ ಮತ್ತು ಕ್ರೀಡಾ ಮನೋಭಾವಕ್ಕೆ ವಿರುದ್ಧವಾದ ಒಂದು ಅನ್‌ಸ್ಪೋರ್ಟ್ಸ್‌ಮನ್‌ಲೈಕ್ ಫೌಲ್ ಆದರೆ ಅವನು ಆ ಪಂದ್ಯದಿಂದ ಹೊರಗೆ. ಮೊದಲನೆಯದನ್ನು ಕೊಟ್ಟಾಗಲೇ ಕೋಚ್‌ಗೆ ಇದನ್ನು ನೆನಪಿಸಿದರೆ, ಬುದ್ಧಿವಂತ ಕೋಚ್ ತಾನಾಗಿಯೇ ಹುಡುಗನನ್ನು ಐದು ನಿಮಿಷ ಕೂರಿಸುತ್ತಾರೆ.

ಜಾತಿ, ಧರ್ಮ, ಮೈಬಣ್ಣಗಳನ್ನು ಎತ್ತಿ ಆಡಿದ ಮಾತು, ಹೆಣ್ಣುಮಕ್ಕಳ ಪಂದ್ಯದಲ್ಲಿ ಆಟಗಾರ್ತಿಯ ದೇಹದ ಬಗ್ಗೆ ಬೆಂಚಿನಿಂದ ಬಂದ ಮಾತು, ಹೊಡೆಯುತ್ತೇನೆಂಬ ಬೆದರಿಕೆ ಇವಕ್ಕೆ ನಾನು ಎಚ್ಚರಿಕೆಯನ್ನೂ ಕೊಡುವುದಿಲ್ಲ, ಟೆಕ್ನಿಕಲ್‌ನಲ್ಲೂ ನಿಲ್ಲಿಸುವುದಿಲ್ಲ. ಅದು ನೇರ ಡಿಸ್ಕ್ವಾಲಿಫೈಯಿಂಗ್ ಫೌಲ್: 2 ಫ್ರೀ ಥ್ರೋ ಮತ್ತು ಚೆಂಡು ಎದುರು ತಂಡಕ್ಕೆ, ತಪ್ಪು ಮಾಡಿದವರು ತಮ್ಮ ಡ್ರೆಸ್ಸಿಂಗ್ ಕೋಣೆಗೆ ಹೋಗಬೇಕು ಅಥವಾ ಕಟ್ಟಡ ಬಿಟ್ಟು ಹೋಗಬೇಕು. ನಮ್ಮ ಬಹುಪಾಲು ಶಾಲಾ ಅಂಕಣಗಳು ಬಯಲಿನಲ್ಲಿರುವ ಕಾಂಕ್ರೀಟ್ ಅಂಕಣಗಳಾಗಿದ್ದು ಅಲ್ಲಿ ಡ್ರೆಸ್ಸಿಂಗ್ ಕೋಣೆ ಇರುವುದಿಲ್ಲ. ಆಗ ಶಿಕ್ಷಕರೊಬ್ಬರ ಜತೆಗೆ ಅಂಕಣ ಕಣ್ಣಿಗೆ ಕಾಣದಷ್ಟು ದೂರ ಕಳುಹಿಸಬೇಕು. ಹದಿನಾಲ್ಕರ ಹುಡುಗನನ್ನು ಒಬ್ಬನನ್ನೇ ರಸ್ತೆಗೆ ಅಟ್ಟಬಾರದು.

ಇನ್ನು ಕೋಚ್‌ಗಳು. ನಮ್ಮಲ್ಲಿ ಕೋಚ್ ಎಂದರೆ ಹೆಚ್ಚಿನ ಕಡೆ ದೈಹಿಕ ಶಿಕ್ಷಕರೇ, ಮಕ್ಕಳ ಬಾಯಲ್ಲಿ ಪಿ.ಟಿ. ಮಾಸ್ಟ್ರು. ಹಲವರು ರೆಫರಿಗಿಂತ ವಯಸ್ಸಿನಲ್ಲಿ ಹಿರಿಯರು. ಕೆಲವರು ರೆಫರಿಗೆ ಡ್ರಿಬಲ್ ಕಲಿಸಿಕೊಟ್ಟವರೇ ಆಗಿರುತ್ತಾರೆ. ಆ ಗೌರವ ಮಾತಿನಲ್ಲಿರಲಿ, ತೀರ್ಪಿನಲ್ಲಿ ಬೇಡ. ಬೆಂಚಿನಿಂದ ಮುಖ್ಯ ಕೋಚ್ ಅಥವಾ ಮೊದಲ ಸಹಾಯಕ ಕೋಚ್ ಇಬ್ಬರಲ್ಲಿ ಒಂದು ಹೊತ್ತಿಗೆ ಒಬ್ಬರು ಮಾತ್ರ ನಿಂತಿರಬಹುದು, ಅದೂ ತಮ್ಮ ಬೆಂಚಿನ ಗೆರೆಯೊಳಗೆ. ಸಹಾಯಕ ಕೋಚ್ ರೆಫರಿಗಳೊಂದಿಗೆ ಮಾತಾಡುವಂತಿಲ್ಲ. ಅಂಕಣದೊಳಗಿನಿಂದ ಕೇಳುವ ಅವಕಾಶ ನಾಯಕನಿಗಿದೆ, ಚೆಂಡು ಸತ್ತು ಗಡಿಯಾರ ನಿಂತಿರುವಾಗ, ಸೌಜನ್ಯದಿಂದ, ಮಾಹಿತಿಗಾಗಿ. ಮುಖ್ಯ ಕೋಚ್ ಮತ್ತು ನಾಯಕ ಎಂಬ ಈ ಎರಡು ಬಾಗಿಲುಗಳನ್ನು ಮಾತ್ರ ತೆರೆದಿಟ್ಟು ಉಳಿದವನ್ನು ಮುಚ್ಚಿದರೆ ಅರ್ಧ ಗದ್ದಲ ಅಲ್ಲೇ ಇಳಿಯುತ್ತದೆ.

ಪ್ರಶ್ನೆಗೆ ಉತ್ತರ ಕೊಡಿ, ಟೀಕೆಗೆ ಕೊಡಬೇಡಿ. “ಸರ್, ಅದು ಹೇಗೆ ಬ್ಲಾಕಿಂಗ್? ನಮ್ಮವ ಮೊದಲೇ ನಿಂತಿದ್ದನಲ್ಲ?” ಎಂಬುದು, ಸ್ವರ ಸ್ವಲ್ಪ ಏರಿದ್ದರೂ, ಪ್ರಶ್ನೆ. (ಎದುರಾಳಿಯ ದಾರಿಗೆ ಅಕ್ರಮವಾಗಿ ಅಡ್ಡ ಬರುವುದೇ ಬ್ಲಾಕಿಂಗ್.) ಮುಂದಿನ ಥ್ರೋ-ಇನ್‌ಗೆ ಮೊದಲು ಆ ಬದಿಗೆ ಹೋದಾಗ, ಅವರ ಪಕ್ಕದಲ್ಲಿ ಅಂಕಣದ ಕಡೆಗೆ ಮುಖ ಮಾಡಿ ನಿಂತು, “ಅವ ಹಾರಿದ ಮೇಲೆ ನಿಮ್ಮವ ದಾರಿಗೆ ಬಂದ ಸರ್” ಎಂದರೆ ಮುಗಿಯಿತು. ಆರೇಳು ಶಬ್ದಕ್ಕಿಂತ ಹೆಚ್ಚು ಬೇಡ. ಮುಖಾಮುಖಿ ನಿಂತು ಬೆರಳು ತೋರಿಸಿ ವಿವರಿಸಿದರೆ ಗ್ಯಾಲರಿಗೆ ಜಗಳದಂತೆ ಕಾಣುತ್ತದೆ. ಪಕ್ಕದಲ್ಲಿ ನಿಂತು ಹೇಳಿದರೆ ಇಬ್ಬರು ಆಟ ನೋಡುತ್ತಾ ಮಾತಾಡಿದಂತೆ ಕಾಣುತ್ತದೆ. ನಿಮಗೆ ನಿಜವಾಗಿಯೂ ಕಾಣದಿದ್ದರೆ “ನನಗೆ ಅಡ್ಡ ಬಂತು ಸರ್, ಕಾಣಲಿಲ್ಲ” ಎಂದು ಒಪ್ಪಿಕೊಳ್ಳಿ. ಸಹ ರೆಫರಿಯ ತೀರ್ಪಿನ ಬಗ್ಗೆ ಕೇಳಿದರೆ, “ಅವರಿಗೆ ಹತ್ತಿರದಿಂದ ಕಂಡಿದೆ, ಅವರನ್ನೇ ಕೇಳಿ” ಎನ್ನಿ. ಅವರ ಪರವಾಗಿ ಕಾರಣ ಕಟ್ಟಬೇಡಿ, ಅವರದು ತಪ್ಪು ಎಂಬಂತೆ ತಲೆಯನ್ನೂ ಅಲ್ಲಾಡಿಸಬೇಡಿ. “ಎರಡೂ ಕಡೆ ಒಂದೇ ಥರ ಕೊಡಿ ಸರ್!” ಎಂಬುದು ಟೀಕೆ. ಒಮ್ಮೆ ಬಂದರೆ ಬಿಟ್ಟುಬಿಡಿ. ಪ್ರತಿ ವಿಸಿಲ್‌ಗೂ ಬಂದರೆ, ಕೈ ಚಾಚಿ ಅಣಕಿಸುವಂತೆ ಸನ್ನೆ ಮಾಡಿದರೆ, ಗೆರೆ ದಾಟಿ ಅಂಕಣಕ್ಕೆ ಕಾಲಿಟ್ಟರೆ, ಅದು ಎಚ್ಚರಿಕೆಯ ಹಂತ.

ಈ ಹಂತವನ್ನು ತಪ್ಪಿಸಿಕೊಂಡರೆ ಏನಾಗುತ್ತದೆ ಎಂಬುದನ್ನು ನಾನು ನನ್ನ ಆರಂಭದ ವರ್ಷಗಳಲ್ಲಿ ಉಡುಪಿ ಕಡೆಯ ಒಂದು ಕಾಲೇಜು ಪಂದ್ಯದಲ್ಲಿ ಕಲಿತೆ. ಒಂದು ತಂಡದ ಕೋಚ್ ಎರಡನೆಯ ಕ್ವಾರ್ಟರ್‌ನಿಂದಲೇ ಪ್ರತಿ ತೀರ್ಪಿಗೂ ಒಂದು ಮಾತು ಸೇರಿಸುತ್ತಿದ್ದರು. ಕೇಳದವನಂತೆ ಇರುವುದೇ ದೊಡ್ಡತನ ಎಂದು ನಾನು ನಂಬಿದ್ದೆ. ಮೂರನೆಯ ಕ್ವಾರ್ಟರ್‌ನಲ್ಲಿ ಅವರ ಆಟಗಾರರು ಅದೇ ಮಾತು ಹಿಡಿದರು, ಬಳಿಕ ಗ್ಯಾಲರಿ ಹಿಡಿಯಿತು. ನಾಲ್ಕನೆಯದರಲ್ಲಿ, ಅಂತರ ಮೂರೇ ಅಂಕವಿದ್ದಾಗ, ಆ ಕೋಚ್ “ಇದೂ ಕಾಣಲಿಲ್ಲವಾ?” ಎಂದಷ್ಟೇ ಕೇಳಿದರು, ಅಷ್ಟು ಹೊತ್ತು ಒಳಗೆ ಕಟ್ಟಿಟ್ಟಿದ್ದ ಸಿಟ್ಟಿನಿಂದ ನಾನು ಟೆಕ್ನಿಕಲ್ ಕೊಟ್ಟೆ. ಎಲ್ಲರಿಗೂ ಅದು ಅನ್ಯಾಯವೆಂದು ಕಂಡಿತು, ಅದು ಸಹಜವೂ ಆಗಿತ್ತು, ಏಕೆಂದರೆ ಅದಕ್ಕಿಂತ ಹತ್ತು ಪಟ್ಟು ಕೆಟ್ಟ ಮಾತನ್ನು ನಾನು ಬಿಟ್ಟಿದ್ದೆ. ಎರಡನೆಯ ಕ್ವಾರ್ಟರ್‌ನ ಮೊದಲ ಸತ್ತ ಚೆಂಡಿಗೆ ಹೋಗಿ, “ಸರ್, ಕೇಳಿದ್ದೇನೆ, ಇಲ್ಲಿಗೆ ಸಾಕು, ಇದು ಎಚ್ಚರಿಕೆ” ಎಂದಿದ್ದರೆ ಆ ಸಂಜೆ ಬೇರೆಯಾಗುತ್ತಿತ್ತು. ಈಗ ನಾನು ಮೊದಲ ಹತ್ತು ನಿಮಿಷದಲ್ಲೇ ನನ್ನ ಮಿತಿ ಎಲ್ಲಿದೆ ಎಂದು ಎರಡೂ ಬೆಂಚಿಗೆ ತಿಳಿಯುವಂತೆ ನೋಡಿಕೊಳ್ಳುತ್ತೇನೆ.

ಕೋಚ್ ಸ್ವತಃ ಅಗೌರವದಿಂದ ನಡೆದುಕೊಂಡರೆ ‘ಸಿ’, ಬೆಂಚಿನಲ್ಲಿರುವ ಬದಲಿ ಆಟಗಾರರೋ ಸಹಾಯಕರೋ ತಪ್ಪಿದರೆ ‘ಬಿ’ ಎಂದು, ಎರಡೂ ಮುಖ್ಯ ಕೋಚ್‌ನ ಹೆಸರಿನೆದುರೇ ಬರೆಯಲ್ಪಡುತ್ತವೆ. ಎರಡು ‘ಸಿ’ ಆದರೆ, ಅಥವಾ ‘ಬಿ’, ‘ಸಿ’ ಸೇರಿ ಮೂರಾದರೆ, ಅವರು ಹೊರನಡೆಯಬೇಕು. ಬೆಂಚಿನ ಟೆಕ್ನಿಕಲ್‌ಗಳು ತಂಡದ ಫೌಲ್ ಲೆಕ್ಕಕ್ಕೆ ಸೇರುವುದಿಲ್ಲ. ಟೇಬಲ್‌ನಲ್ಲಿ ಹೊಸಬರು ಕೂತಿದ್ದರೆ ಇದನ್ನು ಹೋಗಿ ನೋಡಿಕೊಳ್ಳಿ.

ಟಿ.ವಿ.ಯಲ್ಲಿ ಅಮೆರಿಕದ ಎನ್‌ಬಿಎ ನೋಡಿ ಬೆಳೆದ ಹುಡುಗರು ರೆಫರಿಯ ಹಿಂದೆ ಹಿಂದೆ ನಡೆದು ವಾದಿಸುವುದು ಆಟದ ಭಾಗವೆಂದೇ ತಿಳಿದಿರುತ್ತಾರೆ. ಅಲ್ಲಿ ಪ್ರತಿ ಟೆಕ್ನಿಕಲ್‌ಗೂ ಸಾವಿರಗಟ್ಟಲೆ ಡಾಲರ್ ದಂಡವಿದೆ, ನಿಯಮಿತ ಸೀಸನ್‌ನಲ್ಲಿ 16 ಆದರೆ ಒಂದು ಪಂದ್ಯದ ನಿಷೇಧವೂ ಇದೆ ಎಂಬುದನ್ನು ಅವರಿಗೆ ಯಾರೂ ಹೇಳಿರುವುದಿಲ್ಲ. ಪಂದ್ಯದ ಬಳಿಕ ಕೇಳಿದರೆ ಹೇಳಿ.

ನಿಮ್ಮ ಅಧಿಕಾರ ಪಂದ್ಯದ ನಿಗದಿತ ಸಮಯಕ್ಕೆ 20 ನಿಮಿಷ ಮೊದಲು ಅಂಕಣಕ್ಕೆ ಬಂದಾಗ ಆರಂಭವಾಗಿ, ಗಡಿಯಾರ ಮುಗಿದದ್ದನ್ನು ನೀವು ಒಪ್ಪಿದಾಗ ಕೊನೆಗೊಳ್ಳುತ್ತದೆ. ತಂಡಕ್ಕೆ ತಕರಾರಿದ್ದರೆ ನಾಯಕ 15 ನಿಮಿಷದೊಳಗೆ ತಿಳಿಸಿ ಸ್ಕೋರ್‌ಶೀಟ್‌ನಲ್ಲಿ ಸಹಿ ಹಾಕಬೇಕು. ಆ ಹಕ್ಕನ್ನು ತಡೆಯಬೇಡಿ, ಅದರ ಬಗ್ಗೆ ವಾದಿಸಲೂ ಬೇಡಿ. ಆಟ ಮುಗಿದು ಸ್ಕೋರ್‌ಶೀಟ್‌ಗೆ ಸಹಿ ಬೀಳುವ ನಡುವೆ ಯಾರಾದರೂ ಬೈದರೆ ಫೌಲ್ ಕೊಡಲಾಗದು, ಆದರೆ ಕ್ರೂ ಚೀಫ್ (ಮುಖ್ಯ ರೆಫರಿ) ಅದನ್ನು ಸ್ಕೋರ್‌ಶೀಟ್‌ನ ಹಿಂಬದಿಯಲ್ಲಿ ಬರೆದು ಸಂಘಟಕರಿಗೆ ವರದಿ ಕೊಡಬೇಕು. ಇಂಥ ಯಾವುದೇ ವರದಿಯಲ್ಲಿ “ಅವಾಚ್ಯ ಶಬ್ದಗಳಿಂದ ನಿಂದಿಸಿದರು” ಎಂದು ಬರೆದರೆ ಓದಿದವರಿಗೆ ಏನೂ ತಿಳಿಯುವುದಿಲ್ಲ. ಬರೆಯಲು ಸಂಕೋಚವಾದರೂ, ಆಡಿದ ಮಾತನ್ನು ತುಳುವಿನಲ್ಲಿದ್ದರೆ ತುಳುವಿನಲ್ಲೇ, ಕೊಂಕಣಿಯಲ್ಲಿದ್ದರೆ ಕೊಂಕಣಿಯಲ್ಲೇ ಅಕ್ಷರಶಃ ಬರೆದು, ಪಕ್ಕದಲ್ಲಿ ಕನ್ನಡದ ಅರ್ಥ, ಯಾರಿಗೆ ಹೇಳಿದ್ದು, ಆಟದ ನಡುವಿನ ಮಾತಾದರೆ ಯಾವ ಕ್ವಾರ್ಟರ್, ಗಡಿಯಾರದಲ್ಲಿ ಎಷ್ಟು ಸಮಯ ಉಳಿದಿತ್ತು, ಬೇರೆ ಯಾರಿಗೆ ಕೇಳಿಸಿತು ಎಂಬುದನ್ನು ನಮೂದಿಸಿ, ಮನೆಗೆ ಹೊರಡುವ ಮೊದಲೇ ಸಹಿ ಹಾಕಿ ಕೊಡಿ.